ಮೇಲೊಂದು ಕೋಟ್ ಹೊಡೆದ್ರೆ ಆಯ್ತಲ್ವಾ?

ಆಯುಧಪೂಜೆಯ ಮಾರನೇ ದಿನ ಬೆಂಗಳೂರಿನಿಂದ ಭಾವನವರ ಫೋಟೋ ಬಂತು. ಬಾನೆಟ್ ಮೇಲೆ ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಒಳಗೆ ಅವರ 1963ರ ಜಾಗ್ವಾರ್ ಮಾರ್ಕ್ 2ರ ಮರದ ಡ್ಯಾಶ್‌ಬೋರ್ಡು ಮುಖ ಕಾಣುವಷ್ಟು ಫಳಫಳ. ಜೊತೆಗೊಂದು ಕುಟುಕು: "ಗಾಡಿ ಹುಟ್ಟಿದೂರಲ್ಲೇ ಇದ್ದೀಯಲ್ಲಯ್ಯಾ, ಬಿರಿದ ಮರ ಸರಿಮಾಡೋಕೆ ನಿಮ್ಮೋರು ಆರು ವಾರ ಬೇಕು ಅಂತಾರೆ. ನಮ್ಮ ಪಾಲಿಶ್ ಹುಡುಗ ಎರಡೇ ದಿನಕ್ಕೆ ಮುಗಿಸಿದ. ಮೇಲೊಂದು ಕೋಟ್ ಹೊಡೆದ್ರೆ ಆಯ್ತಲ್ವಾ?"

ಯುಗಾದಿಗೆ ಇನ್ನೊಂದು ಫೋಟೋ. ಈ ಸಲ ಹಾರವೂ ಇಲ್ಲ, ಕುಟುಕೂ ಇಲ್ಲ. ಗ್ಲವ್‌ಬಾಕ್ಸ್ ಮುಚ್ಚಳದ ಮೇಲೆ ಮೊದಲಿದ್ದ ಬಿರುಕುಗಳೇ, ಮೊದಲಿದ್ದ ಜಾಗದಲ್ಲೇ, ಹೊಸ ಪಾಲಿಶ್ ಸೀಳಿಕೊಂಡು ಎದ್ದಿವೆ.

ಏಳದೆ ಇನ್ನೇನು? ಮಾರ್ಕ್ 2ರಲ್ಲಿ ನಮಗೆ ಕಾಣುವ ಮರ ಒಂದು ಮಿಲಿಮೀಟರ್‌ಗೂ ತೆಳುವಾದ ವಾಲ್‌ನಟ್ ವೆನೀರ್, ಅಂದರೆ ಅಂಟಿಸಿದ ಮರದ ಹಾಳೆ; ಕೆಳಗೆ ಬೇರೆ ಮರ. ಮಳೆಗಾಲಕ್ಕೆ ಅದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಮೇಲಿನ ಲ್ಯಾಕರ್, ಅಂದರೆ ಹೊಳಪಿನ ಪಾರದರ್ಶಕ ಪದರ, ವಯಸ್ಸಾದ ಹಾಗೆ ಪೆಡಸಾಗಿ, ಮರದ ಜೊತೆ ಎಳೆದಾಡಲಾರದೆ ಬಿರಿಯುತ್ತದೆ. ಬಾಗಿಲ ಮೇಲಂಚಿನ ಪಟ್ಟಿಗಳದ್ದು ಇನ್ನೂ ಕಷ್ಟ: ಮೇಲಿಂದ ಬಿಸಿಲು, ಗಾಜಿನ ರಬ್ಬರ್ ಸಂದಿಯಿಂದ ನೀರು. ಹೀಗೆ ಬಿರಿದದ್ದರ ಮೇಲೆ ಹೊಸ ಲ್ಯಾಕರ್ ಹೊಡೆದರೆ ಅದು ಹಿಡಿದುಕೊಳ್ಳುವುದು ಆ ಒಡೆದ ಪದರವನ್ನೇ. ಪಾಚಿ ಕಟ್ಟಿದ ಗೋಡೆಗೆ ದೀಪಾವಳಿ ಸುಣ್ಣ.

ಈ ಗಾಡಿ ತಯಾರಾದದ್ದು ಇಲ್ಲೇ, ಇಂಗ್ಲೆಂಡಿನ ಕವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ. ಅಲ್ಲಿ ಗಾಡಿ ಕಟ್ಟುವುದು 2005ರಲ್ಲೇ ನಿಂತಿತು, ಕಂಪನಿಯೂ 2008ರಿಂದ ಟಾಟಾದವರದು. ಆದರೆ ಈ ಮರದ ಕೆಲಸ ಬಲ್ಲವರು ಸುತ್ತಮುತ್ತಲ ಶೆಡ್ಡುಗಳಲ್ಲಿ ಇನ್ನೂ ಇದ್ದಾರೆ. ಅವರು ಲ್ಯಾಕರ್ ಡಬ್ಬ ತೆರೆಯುವುದು ಕೊನೆಗೆ. ಮೊದಲ ವಾರವಿಡೀ ಬರೀ ಕೀಳುವ ಕೆಲಸ.

ಬ್ಯಾಟರಿ ಬಿಚ್ಚಿ (ಈ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಬಾಡಿಗೆ, ವಾಪಸ್ ಕೂರಿಸುವಾಗ ಮರೆತರೆ ಗ್ರಹಚಾರ), ಪ್ರತಿ ತುಂಡಿನ ಬೆನ್ನಿಗೆ ಪೆನ್ಸಿಲ್‌ನಲ್ಲಿ ನಂಬರ್ ಬರೆದು, ಸ್ಕ್ರೂಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟುತ್ತಾರೆ. ಆಮೇಲೆ ಗ್ರೀಸ್ ರಿಮೂವರ್‌ನಿಂದ ಒರೆಸುವುದು. ನಮ್ಮಲ್ಲಿ ತಪ್ಪುವುದು ಇಲ್ಲೇ. ಗಾಡಿ ತೊಳೆಯುವ ಹುಡುಗರು ಪ್ರತಿ ಭಾನುವಾರ ಹೊಡೆಯುವ ಡ್ಯಾಶ್‌ಬೋರ್ಡ್ ಸ್ಪ್ರೇಯಲ್ಲಿ ಸಿಲಿಕೋನ್ ಇರುತ್ತದೆ. ಅದನ್ನು ತೆಗೆಯದೆ ಉಪ್ಪು ಕಾಗದ ಹಚ್ಚಿದರೆ ಸಿಲಿಕೋನ್ ಬಿರುಕಿನೊಳಗೆ, ಮರದೊಳಗೆ ಇಳಿಯುತ್ತದೆ. ಆಮೇಲೆ ಎಂಥ ಲ್ಯಾಕರ್ ಹೊಡೆದರೂ ಮೀನಿನ ಕಣ್ಣಿನ ಹಾಗೆ ಗುಂಡು ಗುಂಡಾಗಿ ದೂರ ಸರಿಯುತ್ತದೆ.

ಹಳೆ ಲ್ಯಾಕರ್‌ಗೆ ಪೇಂಟ್ ರಿಮೂವರ್ ದಪ್ಪಗೆ ಬಳಿದು, ಪ್ಲಾಸ್ಟಿಕ್ ಹೊದಿಸಿ, ತಾನಾಗಿ ಸುಕ್ಕುಗಟ್ಟುವ ತನಕ ಬಿಡಬೇಕು. ಎತ್ತುವುದು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ. ಉಳಿದದ್ದನ್ನು ಥಿನ್ನರ್‌ನಲ್ಲಿ ಅದ್ದಿದ ಒರಟು ಬಟ್ಟೆಯಿಂದ ಉಜ್ಜಬೇಕು, ನೀರು ಸುರಿದು ತೊಳೆಯಬಾರದು, ವೆನೀರ್‌ನ ಹಳೆ ಅಂಟು ಬಿಡುತ್ತದೆ. ಹೀಟ್ ಗನ್ ಹಿಡಿದರೂ ಅದೇ ಗತಿ, ವೆನೀರ್ ಪೂರಿಯ ಹಾಗೆ ಉಬ್ಬುತ್ತದೆ. ಎದ್ದ ಜಾಗಕ್ಕೆ ತೆಳು ಮಾಡಿದ ಮರದಂಟನ್ನು ಸಿರಿಂಜ್‌ನಲ್ಲಿ ಒಳಗೆ ಬಿಟ್ಟು, ಮೇಣದ ಕಾಗದ, ಅದರ ಮೇಲೆ ಮರದ ತುಂಡು, ಅದರ ಮೇಲೆ ಕ್ಲ್ಯಾಂಪ್. ಒಂದು ದಿನ ಮುಟ್ಟಬಾರದು.

ಚಕ್ಕೆ ಹಾರಿದ ಕಡೆ ತೇಪೆ ಹಾಕುವುದನ್ನು ಹತ್ತಿರದಿಂದ ನೋಡಬೇಕು. ನಮ್ಮ ಬಡಗಿಯಾದರೆ ನೀಟಾಗಿ ಚೌಕ ಕತ್ತರಿಸಿ ಕೂರಿಸುತ್ತಾನೆ. ಇಲ್ಲಿನವರು ವಾಲ್‌ನಟ್‌ನ ಗಂಟು ಸುಳಿಯನ್ನೇ ಹಿಂಬಾಲಿಸಿ, ನಕಾಶೆಯಲ್ಲಿ ಕೆರೆ ಬಿಡಿಸಿದ ಹಾಗೆ ಅಂಕುಡೊಂಕಾಗಿ ಕತ್ತರಿಸುತ್ತಾರೆ. ನೇರ ಗೆರೆ ಎಲ್ಲಿದ್ದರೂ ಕಣ್ಣು ಹಿಡಿಯುತ್ತದೆ, ಸೊಟ್ಟ ಗೆರೆ ಸುಳಿಯೊಳಗೆ ಕಳೆದುಹೋಗುತ್ತದೆ. ಕೂದಲೆಳೆ ಬಿರುಕಿಗೆ ಕಂದು ಪುಟ್ಟಿ ಮೆತ್ತುವುದಿಲ್ಲ. ಪುಟ್ಟಿ ಬಣ್ಣ ಕುಡಿಯುವುದಿಲ್ಲ, ಕೊನೆಗೆ ಗೆರೆಯಾಗಿಯೇ ಕಾಣುತ್ತದೆ. ಅಲ್ಲಿಗೆ ತೆಳುವಾದ ಎಪಾಕ್ಸಿ ಅಂಟು.

ಉಜ್ಜಲು ಮಷೀನು ಬೇಡವೇ ಬೇಡ. ಕಾರ್ಕ್ ತುಂಡಿಗೆ ಸುತ್ತಿದ 240ರ ಉಪ್ಪು ಕಾಗದ (ನಂಬರ್ ಹೆಚ್ಚಿದಷ್ಟೂ ನಯ), ಆಮೇಲೆ 320, ಕೈಯಲ್ಲೇ. ಅಂಚುಗಳಲ್ಲಿ ವೆನೀರ್ ಮೊದಲು ಸವೆದು ಕೆಳಗಿನ ಬಿಳಿಚು ಮರ ಇಣುಕುತ್ತದೆ, ಇಣುಕಿದರೆ ಮುಗಿಯಿತು, ಹೊಸ ವೆನೀರೇ ಗತಿ. ಬಿಸಿಲಿಗೆ ಮಾಸಿದ ಜಾಗ, ನೆರಳಲ್ಲಿದ್ದ ಜಾಗ ಎರಡು ಬಣ್ಣ ಆಗಿರುತ್ತವಲ್ಲ, ಅದಕ್ಕೆ ಸ್ಟೇನ್ ಬೇಕು. ಮೊದಲು ಸ್ಪಿರಿಟ್ ಒರೆಸಿ ಒದ್ದೆಯಿರುವಾಗ ನೋಡಬೇಕು: ಲ್ಯಾಕರ್ ಬಿದ್ದ ಮೇಲೆ ಬರುವ ಬಣ್ಣ ಆಗಲೇ ಕಾಣುತ್ತದೆ.

ಆಮೇಲೆ ತೆಳುವಾದ ಅರಗಿನ ಸೀಲರ್. ಅದರ ಮೇಲೆ ಇಲ್ಲಿ ಹೆಚ್ಚಿನವರು ಹೊಡೆಯುವುದು ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಲ್ಯಾಕರ್. ತೆಳುವಾಗಿ ಮೂರು ಕೋಟ್, ನಡುವೆ ಇಪ್ಪತ್ತು ಮೂವತ್ತು ನಿಮಿಷ. ಎರಡು ದಿನ ಬಿಟ್ಟು 600ರ ವಾಟರ್ ಪೇಪರ್, ಮತ್ತೆ ಮೂರು. ಎಂಟು ಹತ್ತು ಕೋಟ್ ಆದಮೇಲೆ ಎರಡರಿಂದ ನಾಲ್ಕು ವಾರ ಏನೂ ಮಾಡದೆ ಇಡುವುದು.

ಭಾವನವರಿಗೆ ನಂಬಲಾಗದ್ದು ಈ "ಏನೂ ಮಾಡದೆ" ಅನ್ನುವುದನ್ನೇ. ಲ್ಯಾಕರ್ ಮುಟ್ಟಿದರೆ ಒಣಗಿದಂತಿದ್ದರೂ ಒಳಗಿನ ಥಿನ್ನರ್ ಇನ್ನೂ ಹೊರಡುತ್ತಿರುತ್ತದೆ, ಅದು ಹೋದಷ್ಟೂ ಪದರ ಕುಗ್ಗಿ ಮರದ ರಂಧ್ರಗಳೊಳಗೆ ಕುಸಿಯುತ್ತದೆ. ಕುಸಿತ ನಿಂತ ಮೇಲೆ 1200, 1500, 2000 ಉಜ್ಜಿ ಪಾಲಿಶಿಂಗ್ ಕಾಂಪೌಂಡ್ ಹಾಕಿದರೆ ಹೊಳಪು ನಿಲ್ಲುತ್ತದೆ. ಮೊದಲೇ ಹಾಕಿದರೆ ವಿಜಯದಶಮಿಯ ಕನ್ನಡಿ ಸಂಕ್ರಾಂತಿಗೆ ಕಿತ್ತಳೆ ಸಿಪ್ಪೆ. ನಮ್ಮಲ್ಲಿ ಯಾರು ಕಾಯುತ್ತಾರೆ? "ಹಬ್ಬಕ್ಕೆ ಬೇಕು" ಅಂದರೆ ಹುಡುಗ ಒಂದೇ ದಿನ ದಪ್ಪಗೆ ಆರು ಕೋಟ್ ಎಳೆಯುತ್ತಾನೆ. ಮೇಲೆ ಕೆನೆಗಟ್ಟಿ, ಒಳಗಿನ ಆವಿ ಗುಳ್ಳೆಯಾಗಿ ಸಿಡಿಯುತ್ತದೆ. ಜಡಿಮಳೆಯಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆದು, ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾದರೆ ಥಿನ್ನರ್ ಅಂಗಡಿಯವನಿಗೆ ಬೈಗುಳ. ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಬೇರೆ: ಆ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇದೆ, ಶ್ವಾಸಕೋಶಕ್ಕೆ ಸೇರಿದರೆ ಜೀವನಪೂರ್ತಿ ಕಾಡುವ ಆಸ್ತಮಾ ಬರಬಹುದು. ಇಲ್ಲಿ ಕೊಳವೆಯಿಂದ ಹೊರಗಿನ ಗಾಳಿ ಬರುವ ಮುಖವಾಡವಿಲ್ಲದೆ ಸ್ಪ್ರೇ ಗನ್ ಮುಟ್ಟುವುದಿಲ್ಲ. ಅಲ್ಲಿ ಮೂಗಿಗೊಂದು ಕರ್ಚೀಫು.

ಇಷ್ಟೆಲ್ಲ ಬೈದ ಮೇಲೆ ಒಂದು ವಿಷಯ ಒಪ್ಪಿಕೊಳ್ಳದೆ ವಿಧಿಯಿಲ್ಲ. "ಮೇಲೊಂದು ಕೋಟ್" ಅನ್ನುವುದು ಸೋಮಾರಿಗಳ ಮಾತಾಗಿ ಹುಟ್ಟಿದ್ದಲ್ಲ. ನಮ್ಮದು ಅರಗಿನ ನಾಡು. ಚನ್ನಪಟ್ಟಣದಲ್ಲಿ ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತುತ್ತದೆ. ಬಸವನಗುಡಿಯ ಹಳೇ ಮನೆಗಳ ಬೀಟೆ ಕುರ್ಚಿಗೆ ಹಾಕಿದ್ದೂ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗೇ, ಬಟ್ಟೆ ಸುತ್ತಿದ ಹತ್ತಿ ಉಂಡೆಯಿಂದ. ಅರಗಿನ ಮೇಲೆ ಅರಗು ಹಚ್ಚಿದರೆ ಹೊಸದು ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ಅಲ್ಲಿ ಮೇಲೊಂದು ಕೋಟೇ ಸರಿಯಾದ ರಿಪೇರಿ. ಡಬ್ಬ ಬದಲಾಯಿತು, ಕೈ ಬದಲಾಗಲಿಲ್ಲ. ಗಾಡಿಗೆ ಮೇಲ್ಪದರವಾಗಿ ಅರಗು ಹಾಕಲಾಗದು ನಿಜ, ಬಿಸಿಗೂ ನೀರಿಗೂ ತಡೆಯುವುದಿಲ್ಲ. ಆದರೆ ಇಲ್ಲಿನವರ ಪಿಯು ಇದೆಯಲ್ಲ, ದಪ್ಪ ಗಾಜು ಕೂರಿಸಿದಂಥದ್ದು, ಒಂದು ಮೂಲೆ ಬಿರಿದರೂ ಇಡೀ ತುಂಡು ಕಿತ್ತು ಮೊದಲಿನಿಂದ ಶುರು. ಜೊತೆಗೆ "ಸೆಟ್ ಪೂರ್ತಿ ಕೊಟ್ಟರಷ್ಟೇ ಮಾಡುತ್ತೇವೆ" ಅನ್ನುವ ಹಟ. ನಮ್ಮ ಹಳೇ ಪಾಲಿಶ್‌ನವರು ಪುಡಿ ಬಣ್ಣ ಬೆರಳಲ್ಲಿ ಕಲೆಸಿ, ಕಣ್ಣಳತೆಯಲ್ಲೇ ಒಂದು ಬಾಗಿಲ ಪಟ್ಟಿಯನ್ನು ಮಿಕ್ಕ ಮೂರಕ್ಕೆ ಹೊಂದಿಸಿಬಿಡುತ್ತಾರೆ.

ಕಾರ್ಖಾನೆಯ ಹಳೆ ಸೆಲ್ಯುಲೋಸ್ ಲ್ಯಾಕರ್ ಕೂಡ ಥಿನ್ನರ್‌ಗೆ ಕರಗುತ್ತದೆ. ವೆನೀರ್ ಸೀಳದೆ ಬರೀ ಲ್ಯಾಕರ್ ಬಿರಿದಿದ್ದರೆ, ಥಿನ್ನರ್ ತೆಳುವಾಗಿ ಹೊಡೆದು ಬಿರುಕನ್ನು ಅದರಲ್ಲೇ ಬೆಸೆಯಲು ಒಮ್ಮೊಮ್ಮೆ ಆಗುತ್ತದೆ. ಅಂದರೆ ಭಾವನವರ ಮಾತು ಅರ್ಧ ಸರಿಯಿತ್ತು, ಎರಡು ದಿನದ ಪಾಲಿಶ್ ಬೀಳುವ ಮೊದಲು. ಈಗ ಮೇಲಿರುವುದು ಏನೆಂದು ತಿಳಿಯಬೇಕಾದರೆ ಗ್ಲವ್‌ಬಾಕ್ಸ್ ಮುಚ್ಚಳದ ಒಳಮೂಲೆಗೆ ಮೊದಲು ಸ್ಪಿರಿಟ್ ಹತ್ತಿ, ಆಮೇಲೆ ಥಿನ್ನರ್ ಹತ್ತಿ ಒತ್ತಿ ನೋಡಬೇಕು. ಸ್ಪಿರಿಟ್‌ಗೆ ಅಂಟಾದರೆ ಅರಗು, ಥಿನ್ನರ್‌ಗೆ ಅಂಟಾದರೆ ಸೆಲ್ಯುಲೋಸ್, ಎರಡಕ್ಕೂ ಜಗ್ಗದಿದ್ದರೆ ಪಿಯು ಥರದ್ದು, ಪೂರ್ತಿ ಕೀಳಬೇಕು.

ನಿನ್ನೆ ರಾತ್ರಿ ಮೂರನೇ ಫೋಟೋ ಬಂತು. ಎರಡು ಹತ್ತಿ ಉಂಡೆ, ಎರಡೂ ಬೆಳ್ಳಗೆ.