ನೆಕ್ ಪಿಕಪ್ ಕೇಳಿದರೆ ಓಮ್ ಲೆಕ್ಕ ಹೇಳುವವರು

ಎಲೆಕ್ಟ್ರಿಕ್ ಗಿಟಾರಿನ ತಂತಿಯ ಅದುರಾಟವನ್ನು ವಿದ್ಯುತ್ತಾಗಿಸುವ, ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಸಾಧನವೇ ಪಿಕಪ್. ತಂತಿ ಕಟ್ಟುವ ತುದಿಯ ಬಳಿಯದು ಬ್ರಿಡ್ಜ್ ಪಿಕಪ್, ಗಿಟಾರಿನ ಕುತ್ತಿಗೆಯ ಬಳಿಯದು ನೆಕ್ ಪಿಕಪ್. ಬ್ರಿಡ್ಜ್ ಪಿಕಪ್ಪಿಗೆ ಹೊಂದುವ ಒಂದು ನೆಕ್ ಪಿಕಪ್ ಬೇಕೆಂದು ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುವುದು ಒಂದು ಸಂಖ್ಯೆ ಮತ್ತು ಒಂದಿಷ್ಟು ವಿಶೇಷಣಗಳು ಮಾತ್ರ. ಸಂಖ್ಯೆ ಎಂದರೆ ಕಿಲೋಓಮ್ ಲೆಕ್ಕದ ಡಿಸಿ ರೆಸಿಸ್ಟೆನ್ಸ್, ಅಂದರೆ ಸುರುಳಿಯ ತಂತಿ ವಿದ್ಯುತ್ತಿಗೆ ಒಡ್ಡುವ ತಡೆ. ವಿಶೇಷಣಗಳೆಂದರೆ ವಾರ್ಮ್, ಸ್ಮೂತ್, ಕ್ರೀಮಿ, ವಿಂಟೇಜ್. ಎಂಟು-ಹತ್ತು ಸಾವಿರ ರೂಪಾಯಿ ಎಣಿಸಿ ಕೊಡುವವನಿಗೆ ಇಷ್ಟೇ ಮಾಹಿತಿ ಸಾಕೆಂದು ತೀರ್ಮಾನಿಸಿದವರು ಯಾರು? ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದು. ಅದನ್ನೂ ಹೇಳದೆ, ಸಂಬಂಧವೇ ಇಲ್ಲದ ಒಂದು ಸಂಖ್ಯೆಯನ್ನು ಮುಂದಿಟ್ಟು, ಅದರ ಮೇಲೆ ಹಣ ಕಟ್ಟು ಎನ್ನುವ ವ್ಯಾಪಾರವನ್ನು ಕಂಡು ನನಗೆ ರೋಸಿಹೋಗಿದೆ.

ನನ್ನ ಅಗತ್ಯ ದೊಡ್ಡದೇನೂ ಅಲ್ಲ. ನನ್ನದು 22 ಫ್ರೆಟ್‌ಗಳ, ಎರಡು ಹಂಬಕರ್ (ಜೋಡಿ ಸುರುಳಿಯ ಪಿಕಪ್) ಇರುವ ಗಿಟಾರ್. ಬ್ರಿಡ್ಜಿನಲ್ಲಿ 44 ಗೇಜ್ (ಗೇಜ್ ಸಂಖ್ಯೆ ಏರಿದಷ್ಟೂ ತೆಳು) ತಾಮ್ರದ ತಂತಿ ಸುತ್ತಿದ, ಅಲ್ನಿಕೊ 5 ಎಂಬ ಮಿಶ್ರಲೋಹದ ಅಯಸ್ಕಾಂತವಿರುವ, ಬಿರುಸಾದ ಹಂಬಕರ್ ಕೂತಿದೆ. ಅದರ ದನಿ ನನಗೆ ಬಹಳ ಇಷ್ಟ, ಅದನ್ನು ಬದಲಿಸುವ ಮಾತೇ ಇಲ್ಲ. ತೊಂದರೆ ಇರುವುದು ಗಿಟಾರಿನ ಜೊತೆಗೇ ಬಂದ ನೆಕ್ ಪಿಕಪ್ಪಿನಲ್ಲಿ. ರಸಮಂಜರಿ ಕಾರ್ಯಕ್ರಮಗಳಲ್ಲಿ ಒಂದೇ ಹಾಡಿನೊಳಗೆ ಪಲ್ಲವಿಯ ಹಿಂದೆ ಕ್ಲೀನ್ ದನಿಯಲ್ಲಿ ಬಿಡಿಬಿಡಿಯಾಗಿ ಮೀಟಬೇಕು, ಮಧ್ಯದ ಸಂಗೀತ ಬಂದ ಕೂಡಲೇ ಬ್ರಿಡ್ಜಿಗೆ ಹಾರಿ ಲೀಡ್ ನುಡಿಸಬೇಕು. ಸ್ವಿಚ್ ಒತ್ತಲು ಸಿಗುವುದು ಅರ್ಧ ಕ್ಷಣ. ನೆಕ್ಕಿನಲ್ಲಿರುವಾಗ ಆರನೆಯ ತಂತಿಯನ್ನು ಮುಟ್ಟಿದರೆ ಸಾಕು, ಗುಂಯ್ ಎಂದು ಎದ್ದ ದನಿ ಬೇಸ್ ಗಿಟಾರಿನ ಜಾಗವನ್ನೂ ಡೋಲಕ್ಕಿನ ಎಡಗೈ ಪೆಟ್ಟನ್ನೂ ನುಂಗಿಬಿಡುತ್ತದೆ. ಬ್ರಿಡ್ಜಿಗೆ ಹೋದೊಡನೆ ಅದೇ ಗಿಟಾರ್ ಸಣ್ಣಗಾಗಿ, ತೀಕ್ಷ್ಣವಾಗಿ, ವೇದಿಕೆಯ ಇನ್ನೊಂದು ಮೂಲೆಯಿಂದ ಬಂದಂತೆ ಕೇಳಿಸುತ್ತದೆ. ಸೌಂಡ್ ಮೇಜಿನ ಹಿಂದೆ ಕೂತವರು ನನ್ನ ಫೇಡರನ್ನು ಒಂದು ಸಲ ಇಳಿಸಿ ಮತ್ತೊಂದು ಸಲ ಏರಿಸುತ್ತ ಕೂರಬೇಕಾಗುತ್ತದೆ, ಅದಕ್ಕೆ ಅವರನ್ನು ದೂರುವಂತೆಯೂ ಇಲ್ಲ.

ಹೀಗಾಗುವುದಕ್ಕೆ ಕಾರಣ ಗುಟ್ಟಿನದಲ್ಲ. ತಂತಿ ಬ್ರಿಡ್ಜಿನ ಬಳಿ ಕಡಿಮೆ ಅದುರುತ್ತದೆ, ನೆಕ್ಕಿನ ಕಡೆಗೆ ಹೋದಂತೆ ಅದರ ಓಲಾಟ ಹೆಚ್ಚುತ್ತದೆ. 648 ಮಿಲಿಮೀಟರ್ ಉದ್ದದ ಬಿಡಿ ತಂತಿಯನ್ನು ತೆಗೆದುಕೊಂಡು, ಸ್ಯಾಡಲ್ಲಿನಿಂದ (ಬ್ರಿಡ್ಜಿನಲ್ಲಿ ತಂತಿ ಕೂರುವ ಜಾಗ) 40 ಮಿಲಿಮೀಟರ್ ದೂರದಲ್ಲಿ ಬ್ರಿಡ್ಜ್ ಪಿಕಪ್ಪನ್ನೂ 160 ಮಿಲಿಮೀಟರ್ ದೂರದಲ್ಲಿ ನೆಕ್ ಪಿಕಪ್ಪನ್ನೂ ಇಟ್ಟು ಲೆಕ್ಕ ಹಾಕಿದರೆ, ಮೂಲಸ್ವರದ ಓಲಾಟ ನೆಕ್ಕಿನ ಜಾಗದಲ್ಲಿ ಮೂರೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಿರುತ್ತದೆ, ಅಂದರೆ ಸುಮಾರು 11 ಡೆಸಿಬೆಲ್. ಮೂಲಸ್ವರದ ಜೊತೆಗೆ ಹುಟ್ಟುವ ಮೇಲಿನ ಹಾರ್ಮೋನಿಕ್‌ಗಳಲ್ಲಿ (ಉಪಸ್ವರಗಳಲ್ಲಿ) ಈ ಅಂತರ ಇಷ್ಟಿರುವುದಿಲ್ಲ, ಕೆಲವು ಹಾರ್ಮೋನಿಕ್‌ಗಳು ನೆಕ್ಕಿನ ಜಾಗದಲ್ಲಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಹಾಗಾಗಿ ಎರಡೂ ಕಡೆ ಒಂದೇ ಪಿಕಪ್ ಹಾಕಿದರೆ ನೆಕ್ ದಪ್ಪವಾಗಿಯೂ ಜೋರಾಗಿಯೂ ಕೇಳಿಸಲೇಬೇಕು. ಇದಕ್ಕಾಗಿಯೇ ಬ್ರಿಡ್ಜಿನದಕ್ಕೆ ಸುತ್ತು ಹೆಚ್ಚು ಹಾಕುತ್ತಾರೆ, ನೆಕ್ಕಿನದಕ್ಕೆ ಕಡಿಮೆ ಹಾಕುತ್ತಾರೆ. ಎಷ್ಟು ಕಡಿಮೆ ಹಾಕಿದ್ದಾರೆ ಎಂಬುದಷ್ಟೇ ನನಗೆ ಬೇಕಾದ ಮಾಹಿತಿ. ಅದನ್ನು ಹೇಳುವ ಬದಲು ಓಮ್ ಹೇಳುತ್ತಾರೆ.

ಓಮ್ ಎಂಬುದು ತಾಮ್ರದ ತಂತಿಯ ಉದ್ದ ಮತ್ತು ದಪ್ಪದ ಲೆಕ್ಕ. ಪಿಕಪ್ಪಿನ ಬಲದ ಲೆಕ್ಕ ಅದಲ್ಲ. 42 ಗೇಜ್ ತಂತಿ ಮೀಟರಿಗೆ ಸುಮಾರು ಐದೂವರೆ ಓಮ್ ಇದ್ದರೆ, ಅದಕ್ಕಿಂತ ತೆಳುವಾದ 44 ಗೇಜ್ ತಂತಿ ಸುಮಾರು ಎಂಟೂವರೆ ಓಮ್ ಇರುತ್ತದೆ. ಅಷ್ಟೇ ಉದ್ದದ ತಂತಿಯನ್ನು, ಗೇಜ್ ಮಾತ್ರ ಬದಲಿಸಿ ಸುತ್ತಿದರೂ 8 ಕಿಲೋಓಮ್ ಇದ್ದದ್ದು ಹನ್ನೆರಡೂವರೆ ಆಗುತ್ತದೆ. ಓಮ್ ಏರಿದಷ್ಟು ದನಿ ಏರಿರುವುದಿಲ್ಲ. ತಾಮ್ರದ ರೆಸಿಸ್ಟೆನ್ಸ್ ಕಾವಿನೊಂದಿಗೂ ಏರುತ್ತದೆ, ಒಂದು ಡಿಗ್ರಿಗೆ ಸುಮಾರು ಶೇಕಡ 0.39ರಷ್ಟು. ಮೈಸೂರಿನ ಜನವರಿ ಬೆಳಗಿನ 20 ಡಿಗ್ರಿಯಲ್ಲಿ 8 ಕಿಲೋಓಮ್ ತೋರಿಸಿದ ಪಿಕಪ್, ಕಲಬುರಗಿಯ ಬೇಸಿಗೆ ಮಧ್ಯಾಹ್ನದ 40 ಡಿಗ್ರಿಯಲ್ಲಿ 8.6 ತೋರಿಸುತ್ತದೆ. ಅಂಗಡಿಯವರು 7.6 ಮತ್ತು 8.0ರ ನಡುವಿನ ವ್ಯತ್ಯಾಸವನ್ನು ದೊಡ್ಡ ರಹಸ್ಯದಂತೆ ವಿವರಿಸುತ್ತಾರಲ್ಲ, ಬಿಸಿಲು ಏರಿದರೆ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ತಾನಾಗಿಯೇ ಬರುತ್ತದೆ. ಓಮ್ ನೋಡಿ ಪಿಕಪ್ ಜೋಡಿಸುವುದು ಚೀಲದ ತೂಕ ನೋಡಿ ಅನ್ನದ ರುಚಿ ಹೇಳಿದಷ್ಟೇ ಸರಿ.

ಈ ಸಂಖ್ಯೆ ದಾರಿ ತಪ್ಪಿಸುತ್ತದೆ ಎನ್ನುವುದಕ್ಕೆ ಸಾಕ್ಷಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಸೆಮೋರ್ ಡಂಕನ್ ಕಂಪನಿಯ ಜೆಬಿ ಎಂಬ ಬ್ರಿಡ್ಜ್ ಪಿಕಪ್ಪು 16 ಕಿಲೋಓಮ್‌ಗೂ ಹೆಚ್ಚು. ಅದರ ಜೊತೆ ದಶಕಗಳಿಂದ ಕೂರುತ್ತ ಬಂದ ಜಾಝ್ ಎಂಬ ನೆಕ್ ಪಿಕಪ್ಪು ಎಂಟು ಕಿಲೋಓಮ್‌ಗೂ ಕಡಿಮೆ. ಓಮ್ ಲೆಕ್ಕವೇ ನಿಜವಾಗಿದ್ದರೆ ಆ ಜೋಡಿಯಲ್ಲಿ ನೆಕ್ಕಿನ ದನಿ ಅರ್ಧಕ್ಕೆ ಇಳಿಯಬೇಕಿತ್ತು, ಆದರೆ ಅದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಜೋಡಿಗಳಲ್ಲಿ ಒಂದು. ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರಿನದು ಇದಕ್ಕೆ ತದ್ವಿರುದ್ಧವಾದ ಕಥೆ. ಅದರ ನೆಕ್ ಪಿಕಪ್ಪಿನ ಕಾಯಿಲ್ (ಸುರುಳಿ) ಚಿಕ್ಕದು, ಅದಕ್ಕೆ ಸುತ್ತುವುದು 43 ಗೇಜಿನ ತೆಳು ತಂತಿ, ಮೇಲೊಂದು ಲೋಹದ ಮುಚ್ಚಳ. ಓಮ್ ನೋಡಿದರೆ ಬ್ರಿಡ್ಜಿನದಕ್ಕೆ ಹೆಚ್ಚುಕಡಿಮೆ ಸಮ, ಕೆಲವೊಮ್ಮೆ ಹೆಚ್ಚೇ. ಕಿವಿಗೆ ಮಾತ್ರ ಅದು ಮೃದು, ಮಂಕು. ಇವೆರಡೂ ಗಿಟಾರ್ ಲೋಕದಲ್ಲಿ ಎಲ್ಲರ ಕಣ್ಣೆದುರಿಗೇ ಇರುವ ಉದಾಹರಣೆಗಳು. ಇವನ್ನು ಕಂಡೂ ಓಮ್ ಒಂದನ್ನೇ ಹಿಡಿದು ವ್ಯಾಪಾರ ಮಾಡುವವರಿಗೆ ತಾವು ಮಾರುವ ವಸ್ತುವಿನ ಬಗ್ಗೆ ಗೌರವವಿದೆ ಎಂದು ನಾನು ಹೇಗೆ ನಂಬಲಿ?

ಹಳೆಯ ಕಾಲದಲ್ಲಿ ಇದೆಲ್ಲ ಇರಲಿಲ್ಲ ಎಂಬ ವಾದವನ್ನೂ ಕೇಳಿದ್ದೇನೆ. ಎಂಜಿನಿಯರ್ ಸೇಥ್ ಲವರ್ 1955ರಲ್ಲಿ ಗಿಬ್ಸನ್ ಕಂಪನಿಗಾಗಿ ರೂಪಿಸಿದ ಹಂಬಕರ್‌ಗಳಲ್ಲಿ ನೆಕ್ಕಿನದು, ಬ್ರಿಡ್ಜಿನದು ಎಂಬ ಭೇದವಿರಲಿಲ್ಲ, ನಿಜ. 1954ರ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲೂ ಮೂರು ಪಿಕಪ್ಪುಗಳು ಒಂದೇ ಬಗೆಯವು. ಆದರೆ ಆಗಿನ ಬ್ರಿಡ್ಜ್ ಪಿಕಪ್ಪುಗಳು ಇಂದಿನಷ್ಟು ಬಿರುಸಾಗಿರಲಿಲ್ಲ, ಎತ್ತರ ಹೊಂದಿಸಿದರೆ ಹೇಗೋ ಸರಿಹೋಗುತ್ತಿತ್ತು. 1972ರಲ್ಲಿ ಡಿಮಾರ್ಜಿಯೊ ಕಂಪನಿಯ ಸೂಪರ್ ಡಿಸ್ಟಾರ್ಷನ್ ಎಂಬ ಪಿಕಪ್ ಬಂದ ಮೇಲೆ, ಸೆರಾಮಿಕ್ ಅಯಸ್ಕಾಂತವಿಟ್ಟು ಹೆಚ್ಚು ಸುತ್ತು ಹಾಕಿದ ಬ್ರಿಡ್ಜ್ ಪಿಕಪ್ಪುಗಳು ಸಾಮಾನ್ಯವಾದವು. ಬ್ರಿಡ್ಜನ್ನು ಅಷ್ಟು ಬದಲಿಸಿದವರು ನೆಕ್ಕಿಗೆ ಏನು ಹಾಕಬೇಕೆಂಬ ಲೆಕ್ಕವನ್ನು ಬಿಚ್ಚಿ ಹೇಳುವ ಹೊಣೆಯನ್ನೂ ಹೊರಬೇಕಿತ್ತು.

ನಿಜವಾಗಿ ಬೇಕಾದ ಸಂಖ್ಯೆ ಇಂಡಕ್ಟನ್ಸ್, ಅಂದರೆ ಸುರುಳಿಯು ವಿದ್ಯುತ್ತಿನ ಏರಿಳಿತವನ್ನು ತಡೆಯುವ ಗುಣ, ಹೆನ್ರಿ ಲೆಕ್ಕದಲ್ಲಿ. ಕಾಯಿಲ್ಲಿನ ಇಂಡಕ್ಟನ್ಸ್ ಮತ್ತು ಆಂಪಿಗೆ ಹೋಗುವ ಕೇಬಲ್ಲಿನ ಕೆಪಾಸಿಟನ್ಸ್ (ವಿದ್ಯುತ್ತನ್ನು ಹಿಡಿದಿಡುವ ಗುಣ) ಸೇರಿ ಒಂದು ರೆಸೊನೆನ್ಸ್, ಅಂದರೆ ದನಿ ಉಬ್ಬುವ ಒಂದು ಜಾಗ, ಹುಟ್ಟುತ್ತದೆ, ಅದರಾಚೆಗಿನ ಎತ್ತರದ ಸ್ವರಗಳು ಇಳಿದುಹೋಗುತ್ತವೆ. ಐದಾರು ಮೀಟರಿನ ಸಾಮಾನ್ಯ ಕೇಬಲ್ ಹಾಕಿ, ಎಲ್ಲ ಸೇರಿ 600 ಪಿಕೊಫ್ಯಾರಡ್ ಎಂದುಕೊಂಡರೆ, 8 ಹೆನ್ರಿಯ ಪಿಕಪ್ಪಿನ ರೆಸೊನೆನ್ಸ್ ಸುಮಾರು 2,300 ಹರ್ಟ್ಸಿನಲ್ಲಿ ಬೀಳುತ್ತದೆ, ನಾಲ್ಕೂವರೆ ಹೆನ್ರಿಯದು ಸುಮಾರು 3,000 ಹರ್ಟ್ಸಿನಲ್ಲಿ. ಬ್ರಿಡ್ಜಿನ ಜಾಗದಲ್ಲಿ 2,300 ಹರ್ಟ್ಸ್ ಚೆನ್ನ, ಅಲ್ಲಿನ ಕಿರುಚಲನ್ನು ಅದು ತಗ್ಗಿಸುತ್ತದೆ. ಮೊದಲೇ ದಪ್ಪವಾಗಿರುವ ನೆಕ್ಕಿನ ಜಾಗದಲ್ಲಿ ಅದೇ ಸಂಖ್ಯೆ ಬಂದರೆ ಒಂದು ಸ್ವರ ಇನ್ನೊಂದರೊಳಗೆ ಕಲಸಿಹೋಗುತ್ತದೆ. ನಾಲ್ಕನೆಯ ಮತ್ತು ಐದನೆಯ ತಂತಿಗಳನ್ನು ಒಟ್ಟಿಗೆ ಮೀಟಿದಾಗ ಎರಡು ಸ್ವರಗಳ ಬದಲು ಒಂದು ಗೊಜಲು ಕೇಳಿಸುತ್ತದೆ. ಯಾವ ಅಯಸ್ಕಾಂತ, ಯಾವ ಗೇಜ್, ಮುಚ್ಚಳ ಹಿತ್ತಾಳೆಯದೋ ನಿಕಲ್ ಸಿಲ್ವರಿನದೋ ಎನ್ನುವುದೂ ಮುಖ್ಯ, ಏಕೆಂದರೆ ಹಿತ್ತಾಳೆಯ ಮುಚ್ಚಳ ಎಡ್ಡಿ ಕರೆಂಟಿನಿಂದ (ಲೋಹದೊಳಗೇ ಸುತ್ತುವ ವಿದ್ಯುತ್ತಿನಿಂದ) ದನಿಯ ಹೊಳಪನ್ನು ಇನ್ನಷ್ಟು ತಿನ್ನುತ್ತದೆ. ಇಷ್ಟು ಬರೆಯಲು ಡಬ್ಬಿಯ ಹಿಂದೆ ಎರಡು ಸಾಲು ಸಾಕು. ಆ ಎರಡು ಸಾಲಿನ ಜಾಗದಲ್ಲಿ ಔಟ್‌ಪುಟ್ ಹತ್ತಕ್ಕೆ ಏಳು ಎಂದು ಪಟ್ಟಿ ಬಿಡಿಸಿರುತ್ತಾರೆ. ಒಬ್ಬರ ಏಳು ಇನ್ನೊಬ್ಬರ ಏಳಲ್ಲ.

ಅಂಗಡಿಯವರ ಮೊದಲ ಸಲಹೆ, ಸ್ಕ್ರೂ ತಿರುಗಿಸಿ ನೆಕ್ ಪಿಕಪ್ಪನ್ನು ಕೆಳಗಿಳಿಸಿ ಎಂಬುದು. ಎತ್ತರ ಹೊಂದಿಸುವುದು ಎಲ್ಲರೂ ಮೊದಲು ಮಾಡುವ ಕೆಲಸ, ಅದನ್ನು ಮಾಡಿಯೇ ಅಂಗಡಿಗೆ ಬಂದಿದ್ದೇನೆ ಎಂದರೂ ಮತ್ತೆ ಅದನ್ನೇ ಹೇಳುತ್ತಾರೆ. ಪಿಕಪ್ ಕೆಳಗಿಳಿದರೆ ಜೋರು ಕಡಿಮೆಯಾಗುತ್ತದೆ, ಆದರೆ ಕಾಯಿಲ್ಲಿನ ಇಂಡಕ್ಟನ್ಸ್ ಇದ್ದಷ್ಟೇ ಇರುತ್ತದೆ. ಜೋರಾದ ಮಂಕು ಹೋಗಿ ಮೆಲ್ಲನೆಯ ಮಂಕು ಉಳಿಯುತ್ತದೆ. ನನ್ನ ನೆಕ್ ಪಿಕಪ್ ಈಗ ರಿಂಗಿನ (ಅದು ಕೂರುವ ಚೌಕಟ್ಟಿನ) ಅಂಚಿಗಿಂತ ಒಳಗೆ ಹೂತಿದೆ, ಒಂದು ಕಡೆಯ ಸ್ಪ್ರಿಂಗ್ ಸಡಿಲವಾಗಿ ಗಿಟಾರ್ ಅಲುಗಿದಾಗಲೆಲ್ಲ ಕಿರ್ ಎನ್ನುತ್ತದೆ, ಆದರೂ ಆರನೆಯ ತಂತಿ ಗುಡುಗುವುದು ನಿಂತಿಲ್ಲ.

ಎರಡನೆಯ ಸಲಹೆ, ಸೆಟ್ ತೆಗೆದುಕೊಳ್ಳಿ ಎಂಬುದು. ನನ್ನಲ್ಲಿ ಬ್ರಿಡ್ಜ್ ಪಿಕಪ್ ಇದೆ, ಅದು ಚೆನ್ನಾಗಿದೆ, ನನಗೆ ನೆಕ್ಕಿನದು ಮಾತ್ರ ಬೇಕು ಎಂದು ಎಷ್ಟು ಬಿಡಿಸಿ ಹೇಳಿದರೂ ಬಿಡಿಯಾಗಿ ಬರುವುದಿಲ್ಲ ಎನ್ನುತ್ತಾರೆ. ಬಿಡಿಯಾಗಿ ಸಿಗುವವುಗಳಲ್ಲೂ ಬ್ರಿಡ್ಜಿನದೇ ರಾಶಿ. ನೆಕ್ಕಿನದು ತರಿಸಿಕೊಡುತ್ತೇವೆ, ಮುಂಗಡ ಕಟ್ಟಿ, ವಾಪಸ್ ಇಲ್ಲ. ಒಂದು ಅಂಗಡಿಯಿಂದ ನೆಕ್ ಎಂದು ಕೇಳಿ ಹಣ ಕಟ್ಟಿದ್ದಕ್ಕೆ ಬಂದದ್ದು ಬ್ರಿಡ್ಜಿನ ಪಿಕಪ್. ತಂತಿಗೊಂದರಂತೆ ಇರುವ ಪೋಲ್ ಸ್ಕ್ರೂಗಳ ಹರವು ನೋಡಿದರೇ ಗೊತ್ತಾಗುತ್ತದೆ, ನೆಕ್ಕಿನ ಬಳಿ ತಂತಿಗಳು ಹತ್ತಿರ ಹತ್ತಿರ ಬರುವುದರಿಂದ ಎರಡೂ ತುದಿಯ ಸ್ಕ್ರೂಗಳು ತಂತಿಯಿಂದ ಹೊರಗೆ ಉಳಿದವು. ಹಿಂದಿರುಗಿಸಲು ಕೇಳಿದರೆ, ಎರಡೂ ಒಂದೇ, ಓಮ್ ಕಡಿಮೆಯಿದೆ, ನೆಕ್ಕಿಗೂ ನಡೆಯುತ್ತದೆ ಎಂಬ ಉತ್ತರ ಬಂತು. ಡಬ್ಬಿಯ ಮೇಲೆ ಬ್ರಿಡ್ಜ್ ಎಂದು ಅಚ್ಚಾಗಿತ್ತು.

ಇವೆಲ್ಲಕ್ಕಿಂತ ನನ್ನನ್ನು ಕೆರಳಿಸುವುದು ವಾಪಸ್ಸಿನ ನಿಯಮ. ಪಿಕಪ್ ಹೇಗೆ ಕೇಳಿಸುತ್ತದೆಂದು ತಿಳಿಯಲು ಇರುವುದು ಒಂದೇ ದಾರಿ: ಆರೂ ತಂತಿ ಬಿಚ್ಚಿ, ರಿಂಗ್ ತೆಗೆದು, ಹಳೆಯ ಬೆಸುಗೆ ಕಿತ್ತು, ಹೊಸದರ ವೈರಿನ ತುದಿ ಸುಲಿದು ವಾಲ್ಯೂಮ್ ಪಾಟಿಗೆ ಬೆಸೆದು, ಮತ್ತೆ ತಂತಿ ಕಟ್ಟಿ, ಶ್ರುತಿ ಮಾಡಿ, ಬ್ರಿಡ್ಜಿನ ಜೊತೆ ತಿರುಗಿಸಿ ತಿರುಗಿಸಿ ಕೇಳುವುದು. ವೈರಿಗೆ ಬೆಸುಗೆ ತಾಗಿದರೆ ವಾಪಸ್ ಇಲ್ಲ ಎಂಬುದು ನಾನು ಕೇಳಿದ ಎಲ್ಲ ಅಂಗಡಿಗಳ ನಿಯಮ. ಕೇಳದೆ ಕೊಳ್ಳಬೇಕು, ಕೊಂಡ ಮೇಲೆ ಕೇಳಬೇಕು, ಕೇಳಿದ ಮೇಲೆ ಹಿಂದಿರುಗಿಸುವಂತಿಲ್ಲ. ಅಂಥ ನಿಯಮ ಇಡುವವರಿಗೆ ಕೊಳ್ಳುವ ಮೊದಲೇ ಸರಿಯಾದ ಅಳತೆ ಕೊಡುವ ಬಾಧ್ಯತೆ ಇಮ್ಮಡಿಯಾಗುತ್ತದೆ.

ಬೇರೆ ಬೇರೆ ಕಂಪನಿಯ ಪಿಕಪ್ಪುಗಳನ್ನು ಜೋಡಿಸಿದಾಗ ಇನ್ನೊಂದು ತಾಪತ್ರಯ ಕಾದಿರುತ್ತದೆ. ಸೆಮೋರ್ ಡಂಕನ್ನಿನದರಲ್ಲಿ ಕಪ್ಪು ವೈರು ಹಾಟ್ (ದನಿಯನ್ನು ಹೊರಗೆ ಒಯ್ಯುವ ವೈರು), ಡಿಮಾರ್ಜಿಯೊದಲ್ಲಿ ಕೆಂಪು ವೈರು ಹಾಟ್. ಬಣ್ಣ ಸರಿಯಾಗಿ ಬೆಸೆದರೂ ಸುತ್ತಿನ ದಿಕ್ಕು, ಅಯಸ್ಕಾಂತದ ಧ್ರುವ ಇವೆರಡರಲ್ಲಿ ಒಂದು ಮಾತ್ರ ಎದುರುಬದುರಾದರೆ, ಎರಡೂ ಪಿಕಪ್ ಒಟ್ಟಿಗೆ ಹಾಕಿದಾಗ ದನಿ ಟೊಳ್ಳಾಗಿ, ಮೂಗಿನಿಂದ ಬಂದಂತಾಗುತ್ತದೆ. ನಾಲ್ಕು ವೈರಿನ ಪಿಕಪ್ಪಾದರೆ ಎರಡು ವೈರು ಅದಲುಬದಲು ಮಾಡಿ ಸರಿಪಡಿಸಬಹುದು. ಹೆಣೆದ ಲೋಹದ ಹೊದಿಕೆಯ ಒಂಟಿ ವೈರಿನದಾದರೆ ಪಿಕಪ್ಪನ್ನೇ ಬಿಚ್ಚಿ ಅಯಸ್ಕಾಂತ ತಿರುಗಿಸಿ ಹಾಕಬೇಕು. ಯಾವುದು ಯಾವ ಫೇಸಿನಲ್ಲಿದೆ, ಅಂದರೆ ಅದರ ಸುತ್ತು ಮತ್ತು ಧ್ರುವ ಯಾವ ದಿಕ್ಕಿನವು ಎಂದು ಕೊಳ್ಳುವ ಮುನ್ನ ಕೇಳಿದರೆ ಉತ್ತರಿಸಿದವರು ಒಬ್ಬರೂ ಇಲ್ಲ.

ಇದ್ಯಾವುದೂ ಆಗದ ಕೆಲಸವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಆಮದು ಪಿಕಪ್ಪಿನ ಬೆಲೆಗಿಂತ ಕಡಿಮೆಗೆ ಕೈಯಲ್ಲಿ ಹಿಡಿಯುವ ಎಲ್‌ಸಿಆರ್ ಮೀಟರ್ ಸಿಗುತ್ತದೆ. ಪಿಕಪ್ಪಿನ ಎರಡು ವೈರುಗಳಿಗೆ ಕ್ಲಿಪ್ ಸಿಕ್ಕಿಸಿ ಗುಂಡಿ ಒತ್ತಿದರೆ ಇಂಡಕ್ಟನ್ಸ್ ಕಾಣುತ್ತದೆ, ಯಾವ ಬೆಸುಗೆಯೂ ಬೇಕಾಗಿಲ್ಲ. 120 ಹರ್ಟ್ಸಿನಲ್ಲಿ ಅಳೆದದ್ದೋ ಒಂದು ಕಿಲೋಹರ್ಟ್ಸಿನಲ್ಲಿ ಅಳೆದದ್ದೋ ಎಂದು ಪಕ್ಕದಲ್ಲಿ ಬರೆದರೆ ಎರಡು ಪಿಕಪ್ಪುಗಳನ್ನು ನ್ಯಾಯವಾಗಿ ಹೋಲಿಸಬಹುದು. ನನ್ನ ಬ್ರಿಡ್ಜ್ ಪಿಕಪ್ಪನ್ನು ಅಳೆದು, ಆ ಸಂಖ್ಯೆಯನ್ನು ಬರೆದು, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿರುವ ನೆಕ್ ಪಿಕಪ್ಪನ್ನು ಅವರ ಎದುರಿಗೇ ಅಳೆಯಲು ನನ್ನ ಮೀಟರನ್ನು ನಾನೇ ತರುತ್ತೇನೆಂದೂ ಹೇಳಿದ್ದೇನೆ. ಸೀಲ್ ಒಡೆಯುವಂತಿಲ್ಲ ಎಂದರು. ಒಡೆಯುವಂತಿಲ್ಲವಾದರೆ ತಯಾರಿಸಿದವರನ್ನೇ ಕೇಳಿ ತಿಳಿಸಿ ಎಂದೆ, ಕೇಳುತ್ತೇವೆ ಎಂದವರಿಂದ ಈವರೆಗೆ ಮಾತಿಲ್ಲ. ಮುಂಗಡ ಕಟ್ಟಲು ನೆನಪಿಸುವ ಸಂದೇಶ ಮಾತ್ರ ತಪ್ಪದೆ ಬರುತ್ತಿದೆ. ಹೆನ್ರಿಯ ಲೆಕ್ಕ ಬರಹದಲ್ಲಿ ಕೈಗೆ ಬರುವವರೆಗೆ ಆ ಹಣವನ್ನು ನಾನು ಕಟ್ಟುವುದಿಲ್ಲ.