ಸೂಟಿ ಕಳೆದದ್ದಕ್ಕೆ ಪುರಾವೆ ಏನೈತ್ರಿ?

ಏಪ್ರಿಲ್ ಎರಡನೇ ವಾರ ಬಂತು ಅಂದರೆ ವಿಜಯಪುರದಲ್ಲಿ ಮಕ್ಕಳಿಗೆ ಸೂಟಿ, ಅಪ್ಪ-ಅವ್ವಂದಿರಿಗೆ ಆಡಿಟ್. ರಿಸಲ್ಟ್ ಕೈಗೆ ಕೊಟ್ಟ ದಿನವೇ ಶಾಲೆಯ ವಾಟ್ಸಾಪ್ ಗ್ರೂಪಿಗೆ ಒಂದು ಪಿಡಿಎಫ್ ಬಂದು ಬೀಳುತ್ತದೆ. ರಜೆಯಲ್ಲಿ ಮಗು ಏನೇನು ಮಾಡಿ ಖುಷಿಪಡಬೇಕು ಅನ್ನುವ ಪಟ್ಟಿ ಅದು. ಕುಟುಂಬದ ಜೊತೆ ಐತಿಹಾಸಿಕ ಸ್ಥಳ ನೋಡಬೇಕು. ಅಜ್ಜ-ಅಜ್ಜಿ ಹತ್ತಿರ ಕತೆ ಕೇಳಬೇಕು. ಹೊಸ ಹವ್ಯಾಸ ಒಂದನ್ನು ಬೆಳೆಸಿಕೊಳ್ಳಬೇಕು. ಗಿಡಮರ ಪ್ರೀತಿಸಬೇಕು. ಪ್ರತಿಯೊಂದಕ್ಕೂ ಕಲರ್ ಫೋಟೋ ಅಂಟಿಸಿ, ಕೆಳಗೆ ನಾಲ್ಕು ಸಾಲು ಬರೆದು, ಸ್ಪೈರಲ್ ಬೈಂಡಿಂಗ್ ಮಾಡಿಸಿ ಶಾಲೆ ಶುರುವಾದ ದಿನವೇ ಒಪ್ಪಿಸಬೇಕು. ಕೊನೆಗೆ ದಪ್ಪ ಅಕ್ಷರದಲ್ಲಿ ಒಂದು ಸೂಚನೆ: ಫೋಟೋದಲ್ಲಿ ಮಗು ಕಾಣಿಸಲೇಬೇಕು.

ನರೇಗಾ ಕೆಲಸದಲ್ಲಿ ಇಂಥದ್ದೇ ಒಂದು ಪದ್ಧತಿ ತಂದಿದ್ದರು. ಕೂಲಿಕಾರರ ಫೋಟೋವನ್ನು ಕೆಲಸದ ಜಾಗದಲ್ಲೇ ದಿನಕ್ಕೆ ಎರಡು ಸಲ ತೆಗೆದು ಆ್ಯಪಿಗೆ ಹಾಕಬೇಕು, ಇಲ್ಲಾಂದ್ರೆ ಹಾಜರಿ ಇಲ್ಲ, ಹಾಜರಿ ಇಲ್ಲಾಂದ್ರೆ ಕೂಲಿ ಇಲ್ಲ. ಗುಂಡಿ ತೋಡುವವರಿಗೆ ಇದ್ದ ನಿಯಮ ಈಗ ಗುಂಡಿಯಲ್ಲಿ ಆಡುವವರಿಗೂ ಬಂದಿದೆ. ಮಗು ನಕ್ಕಿತು ಅಂತ ಹೇಳಿದರೆ ಸಾಲದು. ನಕ್ಕದ್ದಕ್ಕೆ ದಾಖಲೆ ಬೇಕು.

ಐತಿಹಾಸಿಕ ಸ್ಥಳಕ್ಕೆ ನಮ್ಮೂರಲ್ಲಿ ಏನೂ ಬರವಿಲ್ಲ. ಕಸದ ಗಾಡಿ ಬಂತಾ ಅಂತ ಮಾಳಿಗೆ ಮೇಲಿಂದ ಬಗ್ಗಿ ನೋಡಿದರೂ ಯಾವುದೋ ಒಂದು ಗುಮ್ಮಟ ಕಣ್ಣಿಗೆ ಬೀಳುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಕೂಡ ಇಲ್ಲ. ಹೀಗಾಗಿ ಎಲ್ಲ ಮನೆಯ ಆಲ್ಬಮ್ಮಿನ ಮೊದಲ ಪುಟವೂ ಗೋಳಗುಮ್ಮಟವೇ.

ಮೂಲೆಯ ಮಿನಾರಿನೊಳಗೆ ಏಳು ಅಂತಸ್ತಿನ ಮೆಟ್ಟಿಲು. ಮಕ್ಕಳು ಓಡಿ ಹತ್ತುತ್ತವೆ. ಅಪ್ಪಂದಿರು ಮೂರನೇ ಅಂತಸ್ತಿನ ಕಮಾನಿನ ಹತ್ತಿರ ನಿಂತು ಊರು ನೋಡುತ್ತಾರೆ, ಅಂದರೆ ಉಸಿರು ತಗೊಳ್ಳುತ್ತಾರೆ. ಮೇಲೆ ಗುಮ್ಮಟದ ಒಳಗೆ ಸುತ್ತಲೂ ಗ್ಯಾಲರಿ. ಒಳಗಿನ ವ್ಯಾಸ ಸುಮಾರು 38 ಮೀಟರ್. ಈ ಕಡೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಆ ಕಡೆ ಗೋಡೆಗೆ ಕಿವಿ ಇಟ್ಟವರಿಗೆ ಕೇಳಬೇಕು. ಜಗತ್ತಿನ ಜನ ಇಲ್ಲಿಗೆ ಬರುವುದೇ ಅದಕ್ಕೆ. ಅಲ್ಲಿ ಯಾರೂ ಮಾಡದ ಕೆಲಸವೂ ಅದೊಂದೇ.

ಮೊನ್ನೆ ಭಾನುವಾರ ಕಂಡದ್ದು ಹೇಳುತ್ತೇನೆ. ಒಬ್ಬರು ಮೊಬೈಲ್ ಎತ್ತಿ ಹಿಡಿದು ಮಗನಿಗೆ, "ಇನ್ನೂ ಜೋರಾಗಿ ಒದರೋ, ರೆಕಾರ್ಡ್ ಆಗವಲ್ದು" ಅನ್ನುತ್ತಿದ್ದರು. ಹುಡುಗ ತನ್ನ ಹೆಸರನ್ನೇ ಒದರಿದ. ಅದು ಸುತ್ತಿ ಸುತ್ತಿ ಬಂತು. ಅದು ಮುಗಿಯುವ ಮೊದಲೇ ಇನ್ನೊಂದು ಮನೆಯವರು ಸೀಟಿ ಹೊಡೆದರು. ಅತ್ತ ಕಡೆಯಿಂದ ಕಾಲೇಜು ಹುಡುಗರು ಒಬ್ಬಳ ಹೆಸರು ಹಿಡಿದು ಕೂಗಿದರು, ಪಾಪ ಆ ಹುಡುಗಿ ಅಲ್ಲಿ ಇರಲೂ ಇಲ್ಲ. ಕಾವಲುಗಾರರಿಗೆ ಸಿಟ್ಟು ಬಂತು. "ಗದ್ಲಾ ಮಾಡಬ್ಯಾಡ್ರಿ" ಅಂತ ಹೇಳಿ ಜೋರಾಗಿ ಒಂದು ವಿಶಲ್ ಊದಿದರು. ಎಲ್ಲಕ್ಕಿಂತ ಜಾಸ್ತಿ ಹೊತ್ತು ಮೊಳಗಿದ್ದು ಆ ವಿಶಲ್ಲೇ. ಮಕ್ಕಳು ಇದೂ ಕಾರ್ಯಕ್ರಮದ ಭಾಗ ಅಂತ ತಿಳಿದು ಚಪ್ಪಾಳೆ ತಟ್ಟಿದವು. ಆ ಚಪ್ಪಾಳೆಯೂ ಸುತ್ತು ಹೊಡೆಯಿತು. ಈ ಸಂತೆಯ ನಡುವೆ ನನ್ನ ಮಗಳು ಎದುರಿನ ಗೋಡೆಗೆ ಗಲ್ಲ ಹಚ್ಚಿ ಏನೋ ಹೇಳುತ್ತಿದ್ದಳು. ನಾನೂ ಈ ಕಡೆ ಕಿವಿ ಇಟ್ಟೆ. ಸ್ಪಷ್ಟವಾಗಿ ಕೇಳಿಸಿತು: "ಅಪ್ಪಾ, ಸಾಕಾತು, ಮನೀಗ್ ಹೋಗೂಣ ನಡಿ." 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಕಟ್ಟಡ ಅವತ್ತು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತು.

ಆದರೆ ಹೋಗುವುದು ಹೇಗೆ? ಇನ್ನೂ ಬಾರಾ ಕಮಾನ್ ಫೋಟೋ ಬಾಕಿ ಇತ್ತು. ಎರಡನೇ ಅಲಿ ಆದಿಲ್ ಶಾಹ ತನ್ನ ಗೋರಿಯನ್ನು ದೊಡ್ಡದಾಗಿ ಕಟ್ಟಿಸಲು ಹೊರಟು, 1672ರಲ್ಲಿ ತೀರಿಕೊಂಡ. ಬರೀ ಕಮಾನುಗಳು ನಿಂತಿವೆ, ಮೇಲೆ ಛಾವಣಿ ಇಲ್ಲ. ಮಗಳು ಅದನ್ನು ಮೇಲೆ ಕೆಳಗೆ ನೋಡಿ, "ಗುತ್ತಿಗೆದಾರ ಓಡಿ ಹೋದನೇನಪ್ಪಾ?" ಅಂದಳು. ನಮ್ಮ ಓಣಿಯ ಚರಂಡಿ ನೋಡಿ ಬೆಳೆದ ಮಗು. ಇತಿಹಾಸ ಬೇಗ ತಿಳಿಯುತ್ತದೆ.

ಬಾದಾಮಿಯದ್ದು ಬೇರೆ ಕತೆ. ಮೊದಲ ಗುಹೆಯ ನಟರಾಜನಿಗೆ 18 ಕೈ. ಅವಳು ಬೆರಳು ಮಡಚಿ ಎಣಿಸಿದಳು, ಎಡವಿದಳು, ಮತ್ತೆ ಎಣಿಸಿದಳು. ಹಿಂದೆ ನಿಂತವರು, "ಸರಿಯವ್ವಾ, ನಮ್ಮ ಫೋಟೋಕ್ಕ ಅಡ್ಡ ಬರಾಕತ್ತಿ" ಅಂದರು. ಅಷ್ಟರಲ್ಲಿ ಮಂಗ ಬಂದು ಬಿಸ್ಕಿಟ್ ಕಸಿದುಕೊಂಡು ಹೋಯಿತು. ಬಾದಾಮಿಯ ಮಂಗಗಳಿಗೆ ಚೀಲದ ಜಿಪ್ ಎಲ್ಲಿರುತ್ತದೆ ಅಂತ ನಮಗಿಂತ ಚೆನ್ನಾಗಿ ಗೊತ್ತು. ಮನೆಗೆ ಬಂದು ಆಲ್ಬಮ್ಮಿನಲ್ಲಿ ಅವಳೇ ಬರೆದಳು: "ನಟರಾಜನಿಗೆ 18 ಕೈ ಇವೆ. ಮಂಗ್ಯಾಗೆ ಎರಡೇ ಕೈ. ಆದರೂ ಮಂಗ್ಯಾನೇ ಜೋರು." ಶಾಲೆಯಲ್ಲಿ ಮೇಡಂ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, "ವಿಷಯಕ್ಕೆ ಸಂಬಂಧವಿಲ್ಲ. ನಿರ್ಮಿಸಿದವರು ಯಾರು?" ಅಂತ ಕೇಳಿದರು. ಉಳಿದ ಮಕ್ಕಳ ಆಲ್ಬಮ್ಮಿನಲ್ಲಿ ನಿರ್ಮಿಸಿದವರು ಸರಿಯಾಗಿಯೇ ಇದ್ದರು. ಎಲ್ಲರದ್ದೂ ಅವೇ ನಾಲ್ಕು ಸಾಲು, ಒಂದೇ ಕಡೆಯಿಂದ ಇಳಿಸಿಕೊಂಡದ್ದು. ಒಬ್ಬ ಹುಡುಗನಂತೂ ಕೊನೆಗೆ ಮುದ್ದಾದ ಅಕ್ಷರದಲ್ಲಿ "ಇನ್ನಷ್ಟು ಓದಿ" ಅಂತ ಬರೆದಿದ್ದ. ಅವನಿಗೆ ಹತ್ತಕ್ಕೆ ಹತ್ತು.

ಹಾಗೆ ನೋಡಿದರೆ ಪುರಾವೆಯ ಆಸೆ ಇವತ್ತಿನದಲ್ಲ. ಅದೇ ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ 578ರಲ್ಲಿ, ಇದನ್ನು ಮಾಡಿಸಿದ್ದು ನಾನು ಅಂತ ಕಲ್ಲಿನಲ್ಲೇ ಕೆತ್ತಿಸಿಟ್ಟಿದ್ದಾನೆ. ವ್ಯತ್ಯಾಸ ಇಷ್ಟೇ, ಅವನು ಗುಹೆಯನ್ನೂ ಮಾಡಿಸಿದ್ದ.

ಅಜ್ಜಿಯ ಕತೆಯ ಪುಟಕ್ಕೆ ನಮ್ಮ ಅವ್ವನನ್ನು ಕೂರಿಸಿದೆವು. ಒಳ್ಳೆಯ ಇಳಕಲ್ ಸೀರೆ ಉಡಿಸಿ, ಬೆಳಕಿರುವ ಕಡೆ ಕುರ್ಚಿ ಹಾಕಿ, ಮೊಮ್ಮಗಳನ್ನು ಕಾಲ ಹತ್ತಿರ ಕೂರಿಸಿ, ಕೈ ಸ್ವಲ್ಪ ಮೇಲೆತ್ತು, ಬಾಯಿ ಸ್ವಲ್ಪ ತೆಗಿ, ಈ ಕಡೆ ನೋಡಬ್ಯಾಡ ಅಂತ ಹೇಳಿ ಹೇಳಿ ಅವಳಿಗೂ ಬೇಜಾರಾಯಿತು. "ಕತಿ ಹೇಳ್ಲ್ಯೋ, ಫೋಟೋಕ್ಕ ಕೂಡ್ಲ್ಯೋ? ಒಂದ್ ಹೇಳಪಾ" ಅಂದಳು. ಫೋಟೋ ಚೆನ್ನಾಗಿ ಬಂತು. ಕತೆ ಏನು ಅಂತ ಪಿಡಿಎಫ್ ಕೇಳಿರಲಿಲ್ಲ.

ಶಾಲೆಯವರೇ ಕರೆದುಕೊಂಡು ಹೋಗುವ ಶೈಕ್ಷಣಿಕ ಪ್ರವಾಸ ಇನ್ನೊಂದು ಮಜಾ. ಡಿಸೆಂಬರ್ ಬಂತೆಂದರೆ ನಮ್ಮ ಮಕ್ಕಳು ಬಸ್ಸು ಹತ್ತಿ ಮೈಸೂರಿಗೆ ಹೊರಡುತ್ತವೆ. ಮೈಸೂರಿನ ಮಕ್ಕಳು ಬಸ್ಸು ಹತ್ತಿ ವಿಜಯಪುರಕ್ಕೆ ಹೊರಡುತ್ತವೆ. ಎರಡೂ ಬಸ್ಸು ನಡುರಾತ್ರಿ ಹೊಸಪೇಟೆ ಹತ್ತಿರ ಒಂದರ ಪಕ್ಕ ಒಂದು ಹಾದುಹೋಗುತ್ತವೆ, ಎರಡರಲ್ಲೂ ಮಕ್ಕಳು ಬಾಯಿ ತೆಗೆದು ಮಲಗಿರುತ್ತವೆ. ಬೆಳಗ್ಗೆ ಇಳಿದು ನಿದ್ದೆಗಣ್ಣಿನಲ್ಲೇ ಸಾಲಾಗಿ ನಿಂತು ಬ್ಯಾನರ್ ಹಿಡಿದು ಫೋಟೋ. ಮಧ್ಯಾಹ್ನ ವಾಟರ್ ಪಾರ್ಕ್. ಶಿಕ್ಷಣ ಇರುವುದು ಬ್ಯಾನರಿನಲ್ಲಿ, ಪ್ರವಾಸ ಇರುವುದು ವಾಟರ್ ಪಾರ್ಕಿನಲ್ಲಿ. ತನ್ನೂರಲ್ಲೇ ಇರುವ ಇಬ್ರಾಹಿಂ ರೋಜಾ ನೋಡದ ವಿಜಯಪುರದ ಮಗು ಮೈಸೂರು ಅರಮನೆಯ ಮುಂದೆ ನಿಂತು ಎರಡು ಬೆರಳು ತೋರಿಸುತ್ತದೆ.

ಇನ್ನು ಬೇಸಿಗೆ ಶಿಬಿರಕ್ಕೆ ಬರೋಣ. ಇದನ್ನು ಹೇಳದೇ ಇದ್ದರೆ ನನಗೆ ಊಟ ಸೇರುವುದಿಲ್ಲ.

ನಮ್ಮ ಬಿಸಿಲು ಎಂಥದ್ದು ಅಂತ ಸರ್ಕಾರಕ್ಕೇ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳ ಜೊತೆ ನಮ್ಮ ವಿಜಯಪುರ, ಬಾಗಲಕೋಟೆಯಲ್ಲೂ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ದೊಡ್ಡ ಸಾಹೇಬರು, ಕ್ಲರ್ಕು, ಕಚೇರಿ ಮುಂದಿನ ಜೆರಾಕ್ಸ್ ಅಂಗಡಿಯವನು, ಎಲ್ಲರೂ ಊಟ ಮಾಡಿ ಫ್ಯಾನ್ ಕೆಳಗೆ ಮಲಗಿರುವ ಹೊತ್ತಿನಲ್ಲಿ ಮಕ್ಕಳು ಎಲ್ಲಿರುತ್ತವೆ? ತಗಡಿನ ಶೆಡ್ಡಿನಲ್ಲಿ, ಸಮ್ಮರ್ ಕ್ಯಾಂಪಿನ ಎರಡನೇ ಬ್ಯಾಚಿನಲ್ಲಿ. ಅದೇ ಬಿಸಿಲು ಅಧಿಕಾರಿಗೆ ತಾಗಿದರೆ ಉಷ್ಣಾಘಾತ. ಒಂದನೇ ಕ್ಲಾಸಿನ ಹುಡುಗನಿಗೆ ತಾಗಿದರೆ ವ್ಯಕ್ತಿತ್ವ ವಿಕಸನ.

ಹೆಸರು ಹಚ್ಚಲು ಹೋದಾಗ ಅಲ್ಲಿದ್ದವರು ಫಾರ್ಮ್ ಮುಂದಿಟ್ಟು ಕೇಳಿದರು.

"ನಿಮ್ಮ ಮಗಳು ಮನ್ಯಾಗ ಏನ್ ಮಾಡ್ತಾಳ್ರಿ ಸರ್?"

"ಏನಿಲ್ರಿ, ಸುಮ್ನ ಆಡ್ತಾಳ್ರಿ."

"ಸುಮ್ನ ಆಡೂದಕ್ಕ ಬ್ಯಾರೆ ಬ್ಯಾಚ್ ಐತ್ರಿ. ಸಂಜಿ ಐದಕ್ಕ. ಅದಕ್ಕ ಫೀ ಸ್ವಲ್ಪ ಜಾಸ್ತಿ ಆಗ್ತೈತ್ರಿ, ಟ್ರೇನರ್ ಬೆಂಗಳೂರಿಂದ ಬರ್ತಾರ."

ಪಟ್ಟಿ ನೋಡಿದೆ. ಅಬ್ಯಾಕಸ್, ಕರಾಟೆ, ಕೈಬರಹ, ವೇದಿಕೆ ಭಯ ನಿವಾರಣೆ. ಅದರ ಕೆಳಗೆ ದೇಸಿ ಆಟಗಳು: ಲಗೋರಿ, ಬುಗುರಿ, ಚಿಣಿದಾಂಡು, ಕುಂಟಬಿಲ್ಲೆ. ನಮ್ಮ ಕಾಲದಲ್ಲಿ ಚಿಣಿದಾಂಡು ಆಡಿದ್ದಕ್ಕೆ ಅಪ್ಪ ಒದೆ ಕೊಡುತ್ತಿದ್ದ, ಈಗ ಅಪ್ಪನೇ ರೊಕ್ಕ ಕೊಡುತ್ತಾನೆ. ಮಣ್ಣಿನ ಗೊಂಬೆ ಮಾಡುವುದಕ್ಕೂ ಕ್ಲಾಸು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂದ ಬಣ್ಣದ ಮಣ್ಣು, ಕೈಗೆ ಹತ್ತುವುದಿಲ್ಲ ಅಂತ ಡಬ್ಬಿಯ ಮೇಲೇ ಗ್ಯಾರಂಟಿ. ಶಿಬಿರ ಮುಗಿದು ತಿಂಗಳಿಗೆ ಮಣ್ಣೆತ್ತಿನ ಅಮವಾಸ್ಯೆ ಬರುತ್ತದೆ. ಊರಲ್ಲಿ ಮಕ್ಕಳು ಹೊಲದ ಎರೆಮಣ್ಣು ತಂದು ಕಲಸಿ ಎತ್ತು ಮಾಡಿ, ಜೋಳದ ಕಾಳಿನ ಕಣ್ಣು ಇಟ್ಟು, ಅವಕ್ಕೆ ಮೇವು ಹಾಕಲು ಒಂದು ಗ್ವಾದಲಿಯನ್ನೂ ಮಾಡುತ್ತವೆ. ಅದು ಪುಕ್ಕಟೆ. ಹಾಗಾಗಿ ಅದರಲ್ಲಿ ಕೌಶಲ ಇಲ್ಲ.

ಸಮಾರೋಪ ಸಮಾರಂಭ ನಾಲ್ಕು ಗಂಟೆಗೆ ಅಂತ ಕಾರ್ಡಿನಲ್ಲಿತ್ತು. ಮುಖ್ಯ ಅತಿಥಿಗಳು ಬಂದದ್ದು ಆರಕ್ಕೆ. ಅಷ್ಟು ಹೊತ್ತು ಮಕ್ಕಳು ಟೋಪಿ ಹಾಕಿಕೊಂಡು ಸಾಲಾಗಿ ಕೂತಿದ್ದವು. ಎದ್ದರೆ ಗದರುತ್ತಿದ್ದರು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಹಣ್ಣಿನ ಬುಟ್ಟಿ. ಅತಿಥಿಗಳು ಮೈಕ್ ಹಿಡಿದು, ಇಂದಿನ ಮಕ್ಕಳ ಬಾಲ್ಯವನ್ನು ನಾವು ಕಸಿದುಕೊಳ್ಳುತ್ತಿದ್ದೇವೆ, ದಯವಿಟ್ಟು ಮಕ್ಕಳನ್ನು ಸ್ವಚ್ಛಂದವಾಗಿ ಆಡಲು ಬಿಡಿ ಅಂತ ಮುಕ್ಕಾಲು ಗಂಟೆ ಮಾತಾಡಿದರು. ಮುಂದಿನ ಸಾಲಿನ ಹುಡುಗನೊಬ್ಬ ಪಕ್ಕದವನ ಟೋಪಿ ಕಸಿದುಕೊಂಡು ಸ್ವಚ್ಛಂದವಾಗಿ ಆಡತೊಡಗಿದ. ಟ್ರೇನರ್ ಕಿವಿ ಹಿಂಡಿ ಕೂರಿಸಿದರು. ಚಪ್ಪಾಳೆ ಬಿತ್ತು, ಭಾಷಣಕ್ಕೋ ಕಿವಿಗೋ ಗೊತ್ತಾಗಲಿಲ್ಲ. ಕೊನೆಗೆ ಪ್ರಶಸ್ತಿ ಪತ್ರ. ಎಲ್ಲರಿಗೂ ಪ್ರಥಮ ಬಹುಮಾನ. ನನ್ನ ಮಗಳು ಲಗೋರಿಯ ಪ್ರಾಥಮಿಕ ಹಂತವನ್ನು ಯಶಸ್ವಿಯಾಗಿ ಪೂರೈಸಿದ್ದಾಳೆ ಅಂತ ಸೀಲು, ಸಹಿ ಸಮೇತ ಬರೆದು ಕೊಟ್ಟರು. ಲ್ಯಾಮಿನೇಷನ್‌ಗೆ ಬೇರೆ ಚಾರ್ಜು.

ಸರಿ, ಇದೆಲ್ಲ ಬೇಡ, ಮಕ್ಕಳನ್ನು ಸಂಜೆ ಗಾರ್ಡನ್ನಿಗೆ ಬಿಡೋಣ ಅಂದರೆ ಗೇಟಿನಲ್ಲೇ ಬೋರ್ಡು. ಹುಲ್ಲಿನ ಮೇಲೆ ಕೂಡಬಾರದು, ಚೆಂಡಾಟ ಆಡಬಾರದು, ಓಡಬಾರದು. ಜೋಕಾಲಿಯ ಸರಪಳಿ ಹರಿದಿದೆ. ಹೀಗಾಗಿ ಮಕ್ಕಳು ದೊಡ್ಡವರ ವ್ಯಾಯಾಮದ ಸಲಕರಣೆ ಮೇಲೆ ಜೋತು ಬೀಳುತ್ತವೆ, ದೊಡ್ಡವರು ಜಾರುಬಂಡಿಯ ಕೆಳಗಡೆ ಕೂತು ಚುರಮುರಿ ತಿನ್ನುತ್ತಾರೆ.

ನಮ್ಮ ಕಡೆ ಎಳ್ಳಮವಾಸ್ಯೆ ಬಂತೆಂದರೆ ಇಡೀ ಮನೆ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಮೊಸರನ್ನ, ಎಲ್ಲಾ ಬುತ್ತಿ ಕಟ್ಟಿಕೊಂಡು. ಹಿರಿಯರು ನಿಂತ ಜೋಳದ ನಡುವೆ ಚರಗ ಚೆಲ್ಲುತ್ತಾರೆ, ಅಂದರೆ ಭೂತಾಯಿಗೆ ಅಂತ ಅಡುಗೆಯ ನೈವೇದ್ಯ ಎರಚುತ್ತಾರೆ, ಮಕ್ಕಳು ಅವರ ಹಿಂದೆ ಕೂಗುತ್ತಾ ಓಡುತ್ತವೆ, ಆಮೇಲೆ ಕಡಲೆಗಿಡ ಕಿತ್ತು ತಿನ್ನುತ್ತವೆ. ಈ ಸಲ ಮಗಳನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋದೆವು. ಹೊಲದಲ್ಲಿ ನೆಟ್‌ವರ್ಕ್ ಇರಲಿಲ್ಲ, ನನ್ನ ಮೊಬೈಲಿನ ಬ್ಯಾಟರಿಯೂ ಸತ್ತಿತ್ತು. ಮರುದಿನ ರಜೆ ಚೀಟಿ ಒಯ್ದರೆ ಆಫೀಸಿನಲ್ಲಿ ಕೇಳಿದರು.

"ಚರಗಾ ಚೆಲ್ಲಾಕ ಹೋಗಿದ್ದಕ್ಕ ಫೋಟೋ ಅದಾವೇನ್ರಿ?"

"ಇಲ್ರಿ."

"ಮತ್ತ ಇದನ್ನ ಯಾವ ಆಕ್ಟಿವಿಟಿಯೊಳಗ ಹಾಕೂದ್ರಿ? ಗೈರು ಅಂತ ಬರೀತೀನಿ."

ಬರೆದರು. ಮಾರ್ಚ್‌ನಲ್ಲಿ ಅದೇ ಗ್ರೂಪಿಗೆ ಹೊಸ ಶಿಬಿರದ ಕರಪತ್ರ ಬಂತು. ಈ ವರ್ಷದ ವಿಶೇಷ, ಗ್ರಾಮೀಣ ಅನುಭವ: ಎತ್ತಿನ ಗಾಡಿ ಸವಾರಿ, ಚರಗದ ಪ್ರಾತ್ಯಕ್ಷಿಕೆ, ಡ್ರೋನ್ ವಿಡಿಯೋ, ಪ್ರಮಾಣಪತ್ರ. ಪೋಷಕರಿಗೆ ಪ್ರವೇಶವಿಲ್ಲ. ಬುತ್ತಿ ಮಾತ್ರ ಮನೆಯಿಂದಲೇ ಕಟ್ಟಿ ಕಳಿಸಬೇಕು.