ಇಪ್ಪತ್ತು ಮಕ್ಕಳ ಅಪ್ಪ, ಒಬ್ಬನಿಗೂ ಕಾರಣ ಹೇಳಲಿಲ್ಲ

ಮೊನ್ನೆ ಭಾನುವಾರ ಕುವೆಂಪುನಗರದಲ್ಲಿ ನಮ್ಮ ಹುಡುಗರು ಆಟದ ಪುಟ್ಟ ಸೈನಿಕ ಗೊಂಬೆಗಳಿಗೆ, ಅಂದರೆ ಮಿನಿಯೇಚರ್‌ಗಳಿಗೆ, ಬಣ್ಣ ಹಚ್ಚುತ್ತಾ ಕೂತಿದ್ದರು. ವಾರ್‌ಹ್ಯಾಮರ್ 40,000 ಅನ್ನೋ ಯುದ್ಧದಾಟದ ಕಥಾಲೋಕಕ್ಕೆ ಈಗಷ್ಟೇ ಕಾಲಿಟ್ಟ ಒಬ್ಬ ಹುಡುಗ, "ಎಂಪರರ್ ಇನ್ನೇನ್ ಮಾಡ್ಬೇಕಿತ್ತಣ್ಣ? ಮಕ್ಕಳೇ ಕೃತಘ್ನರು" ಅಂದ. ಪಕ್ಕದವರೂ ಹೌದು ಹೌದು ಅಂದರು. ಆವತ್ತಿಂದ ಹೊಟ್ಟೆ ಉರೀತಿದೆ. ಈ ವಿಷಯದಲ್ಲಿ ನನ್ನ ಹುಚ್ಚು ಎಂಥದ್ದು ಅಂತ ನಿಮಗೆಲ್ಲ ಗೊತ್ತು, ಅದಕ್ಕೇ ಸುತ್ತಿ ಬಳಸದೆ ಹೇಳ್ತೀನಿ. ಅವನು ಕೆಟ್ಟ ಅಪ್ಪ. ಯಾವ ಮಗನಿಗೂ ಯಾವ ಆಜ್ಞೆಗೂ ಕಾರಣ ಹೇಳದ ಅಪ್ಪ.

ಗೊತ್ತಿಲ್ಲದವರಿಗೆ ಎರಡು ಮಾತು. ಎಂಪರರ್ ಅಂದರೆ ಆ ಕಥೆಯಲ್ಲಿ ಇಡೀ ಮನುಕುಲವನ್ನಾಳೋ ಚಕ್ರವರ್ತಿ. ಅವನು ತನ್ನದೇ ಜೀನ್‌ನಿಂದ 20 ಮಕ್ಕಳನ್ನು ಪ್ರಯೋಗಾಲಯದಲ್ಲಿ ಮಾಡಿದ. ಇವರೇ ಪ್ರೈಮಾರ್ಕ್‌ಗಳು. ಕೇಯಾಸ್ ಅನ್ನೋ ದುಷ್ಟಶಕ್ತಿಯ ದೇವತೆಗಳು ಆ ಕೂಸುಗಳನ್ನು ಕದ್ದು ಗ್ಯಾಲಕ್ಸಿ ತುಂಬಾ ಚೆಲ್ಲಿದವು. ಒಬ್ಬೊಬ್ಬನೂ ಯಾವುದೋ ಗ್ರಹದಲ್ಲಿ ಯಾರದೋ ಕೈಯಲ್ಲಿ ಬೆಳೆದ. ಅಪ್ಪ ಒಬ್ಬೊಬ್ಬರನ್ನಾಗಿ ಹುಡುಕಿ, ಆಯಾ ಮಗನ ಜೀನ್‌ನಿಂದಲೇ ಕಟ್ಟಿದ ಸ್ಪೇಸ್ ಮರೀನ್ ಅನ್ನೋ ಅತಿಮಾನವ ಸೈನಿಕರ ಲೀಜನ್ ಒಂದನ್ನು ಕೈಗಿಟ್ಟು ಗ್ಯಾಲಕ್ಸಿ ಗೆಲ್ಲೋ ಯುದ್ಧಕ್ಕೆ ಕಳಿಸಿದ. ಇಬ್ಬರ ಹೆಸರು ದಾಖಲೆಯಿಂದಲೇ ಅಳಿಸಿಹೋಗಿದೆ. ಉಳಿದ 18 ಜನರಲ್ಲಿ 9 ಜನ ಅಪ್ಪನ ಮೇಲೆ ತಿರುಗಿಬಿದ್ದರು. ಅರ್ಧಕ್ಕರ್ಧ ಮಕ್ಕಳು ಎದುರು ನಿಂತಾಗಲೂ ತಪ್ಪೆಲ್ಲ ಮಕ್ಕಳದ್ದೇ ಅನ್ನೋದು ಹೇಗೆ?

ಆ ಮಕ್ಕಳಲ್ಲೊಬ್ಬನಾದ ಆಂಗ್ರಾನ್ ವಿಷಯವನ್ನೇ ತಗೊಳ್ಳಿ. ನ್ಯುಸೀರಿಯಾದಲ್ಲಿ ಗುಲಾಮನಾಗಿ, ಕಾಳಗದ ಕಣದಲ್ಲಿ ಬೆಳೆದವನು. ಅಲ್ಲಿನ ಒಡೆಯರು ಅವನ ಮಿದುಳಿಗೆ 'ಬುಚರ್ಸ್ ನೇಲ್ಸ್' ಅನ್ನೋ ಯಂತ್ರ ಬಡಿದರು. ಕೊಲ್ಲುವಾಗ ಮಾತ್ರ ನೆಮ್ಮದಿ, ಉಳಿದ ಹೊತ್ತೆಲ್ಲ ನೋವು. ತೆಗೆಯೋಕೂ ಆಗಲ್ಲ, ಬಿಟ್ಟರೆ ನಿಧಾನವಾಗಿ ಕೊಲ್ಲುತ್ತೆ. ಅವನ ಮಿನಿಯೇಚರ್‌ನಲ್ಲಿ ತಲೆಯಿಂದ ಜಟೆಯ ಹಾಗೆ ಇಳಿದಿರೋ ಕೇಬಲ್‌ಗಳಿವೆಯಲ್ಲ, ಅವೇ. ಇಷ್ಟಾದರೂ ಅವನು ಜೊತೆಗಾರರನ್ನು ಕಟ್ಟಿಕೊಂಡು ದಂಗೆ ಎದ್ದ. ಕೊನೆಗೆ ಬೆಟ್ಟದ ಮೇಲೆ ಸೈನ್ಯಗಳು ಸುತ್ತುವರಿದವು. ಆಗ ಅಪ್ಪ ಬಂದು, ನನ್ನ ಜೊತೆ ಬಾ ಅಂದ. ಇವರ ಜೊತೆಗೇ ಸಾಯ್ತೀನಿ, ಬರಲ್ಲ ಅಂದ ಮಗ. ಸೂತಪುತ್ರ ಅಂತ ಹೀಯಾಳಿಸಿಕೊಂಡ ಕರ್ಣನಿಗೆ ಕೊನೇ ಗಳಿಗೆಯಲ್ಲಿ ನೀನು ಕುಂತಿಯ ಮಗ, ಈ ಕಡೆ ಬಾ ಅಂದಾಗ ಅವನು ಕೈಹಿಡಿದವರನ್ನು ಬಿಟ್ಟು ಬರಲಿಲ್ಲವಲ್ಲ, ಥೇಟ್ ಹಾಗೆ. ಕೃಷ್ಣನಾದರೂ ಆ ಉತ್ತರ ಕೇಳಿಕೊಂಡು ಹೊರಟ. ಎಂಪರರ್ ಮಗನನ್ನು ಟೆಲಿಪೋರ್ಟ್ ಮಾಡಿ ಹಡಗಿಗೆ ಎಳೆದುಕೊಂಡ. ಕೆಳಗಿದ್ದ ಒಬ್ಬೊಬ್ಬರೂ ಸತ್ತರು.

ಗ್ಯಾಲಕ್ಸಿ ಗೆಲ್ಲೋ ಶಕ್ತಿ ಇದ್ದವನಿಗೆ ಆ ಬೆಟ್ಟದ ಮೇಲಿನವರನ್ನು ಉಳಿಸೋದು ಯಾವ ಲೆಕ್ಕ? ಯಾಕೆ ಉಳಿಸಲಿಲ್ಲ ಅಂತ ಮಗನಿಗೆ ಒಂದು ಮಾತು ಹೇಳಿದನಾ? ಇಲ್ಲ. ಪರಿಣಾಮ ನೋಡಿ. ಬರಮಾಡಿಕೊಳ್ಳೋಕೆ ಒಬ್ಬೊಬ್ಬರಾಗಿ ಕೋಣೆಯೊಳಗೆ ಹೋದ ತನ್ನದೇ ಲೀಜನ್ನಿನ ಕ್ಯಾಪ್ಟನ್‌ಗಳನ್ನು ಆಂಗ್ರಾನ್ ಕೊಂದುಹಾಕಿದ. ಅವರಲ್ಲಿ ಖಾರ್ನ್ ಅನ್ನೋನೊಬ್ಬ ಹೇಗೋ ಸಮಾಧಾನ ಮಾಡಿದ. ಆಮೇಲೆ ಅದೇ ಮೊಳೆಗಳನ್ನು ಇಡೀ ಲೀಜನ್ನಿನ ತಲೆಗೆ ಬಡಿಸಿದ. ವಾರ್ ಹೌಂಡ್ಸ್ ಆಗಿದ್ದ ಶಿಸ್ತಿನ ಪಡೆ ವರ್ಲ್ಡ್ ಈಟರ್ಸ್ ಆಯ್ತು.

ಇನ್ನೊಬ್ಬ ಮಗ ಮಾರ್ಟೇರಿಯನ್‌ದೂ ಇದೇ ಗೋಳು. ಸಾಕಿದ ರಾಕ್ಷಸನನ್ನು ತನ್ನ ಕೈಯಾರೆ ಕೊಲ್ಲಬೇಕು ಅಂತ ಬಾರ್ಬರಸ್‌ನ ವಿಷಗಾಳಿಯಲ್ಲಿ ಬೆಟ್ಟ ಹತ್ತಿದ, ಮೇಲೆ ಕುಸಿದು ಬಿದ್ದ. ಅಪ್ಪ ಬಂದು ಒಂದೇ ಏಟಿಗೆ ಆ ಕೆಲಸ ಮುಗಿಸಿದ. ಜೀವ ಉಳಿಸಿದ, ಹಗೆ ಕಟ್ಟಿಕೊಂಡ.

ಮತ್ತೊಬ್ಬ ಮಗ ಲಾರ್ಗರ್ ವಿಷಯಕ್ಕೆ ಬಂದರೆ ನನಗೆ ತಡೆಯೋಕೇ ಆಗಲ್ಲ. ಅವನು ಅಪ್ಪನನ್ನು ದೇವರು ಅಂತ ನಂಬಿದ. ಗೆದ್ದ ಗ್ರಹಗಳಲ್ಲೆಲ್ಲ ಅಪ್ಪನ ಗುಡಿ ಕಟ್ಟಿದ, 'ಲೆಕ್ಟಿಶಿಯೋ ಡಿವಿನಿಟಾಟಸ್' ಅಂತ ಗ್ರಂಥವನ್ನೇ ಬರೆದ. ಎಂಪರರ್ ಸಾರುತ್ತಿದ್ದ ಸಿದ್ಧಾಂತವೋ ದೇವರೂ ಇಲ್ಲ, ದೆವ್ವವೂ ಇಲ್ಲ ಅನ್ನೋದು. ಹಾಗಾದರೆ ಮೊದಲ ಗುಡಿ ಎದ್ದಾಗಲೇ ಮಗನನ್ನು ಕೂರಿಸಿ ಹೇಳಬೇಕಿತ್ತು ತಾನೇ? ದಶಕಗಟ್ಟಲೆ ನಡೆಯೋಕೆ ಬಿಟ್ಟ. ಆಮೇಲೆ ಒಂದು ದಿನ ಲಾರ್ಗರ್ ಅತಿ ಪ್ರೀತಿಯಿಂದ ರೂಪಿಸಿದ ಮೊನಾರ್ಕಿಯಾ ನಗರವನ್ನು ಇನ್ನೊಬ್ಬ ಮಗ ಗಿಲ್ಲಿಮನ್‌ನ ಅಲ್ಟ್ರಾಮರೀನ್ಸ್ ಲೀಜನ್ ಕೈಯಲ್ಲಿ ಸುಡಿಸಿದ. ಲಾರ್ಗರ್‌ನ ವರ್ಡ್ ಬೇರರ್ಸ್ ಲೀಜನ್ ಇಡಿಯಾಗಿ ಆ ಬೂದಿಯಲ್ಲಿ ಮಂಡಿಯೂರಬೇಕಾಯ್ತು. ಸೋದರನ ಪಡೆಯ ಎದುರು! ಆಗ ಅವರ ಕವಚದ ಬಣ್ಣ ಬೂದು, ದಂಗೆಯ ಕಾಲಕ್ಕೆ ಅದು ಕಡುಗೆಂಪಾಯ್ತು. ಆ ಲೀಜನ್ನಿಗೆ ಬಣ್ಣ ಹಚ್ಚೋರು ಯಾವ ಕಾಲದ ಸೈನಿಕ ಅಂತ ಮೊದಲೇ ನಿರ್ಧರಿಸಿಕೊಳ್ಳಬೇಕಾಗೋದು ಇದಕ್ಕೇ. ಪೂಜೆಯೇ ಉಸಿರಾಗಿದ್ದವನಿಂದ ದೇವರನ್ನು ಕಿತ್ತುಕೊಂಡು ಬರಿಗೈಯಲ್ಲಿ ಬಿಟ್ಟರೆ ಇನ್ನೊಂದು ದೇವರನ್ನು ಹುಡುಕದೆ ಇರ್ತಾನಾ? ಗುಟ್ಟಾಗಿ ಕೇಯಾಸ್ ಭಕ್ತರಾಗಿದ್ದ ಸಾಕುತಂದೆ ಕೋರ್ ಫೇರಾನ್ ಮತ್ತು ಲೀಜನ್ನಿನ ಗುರು ಎರೆಬಸ್ ಪಕ್ಕದಲ್ಲೇ ಇದ್ದರು, ದಾರಿ ತೋರಿಸಿದರು. ಮುಂದೆ ದಂಗೆಯ ನಾಯಕನಾದ ಮಗ ಹೋರಸ್ ಕೆಡೋದಕ್ಕೆ ನಾಲ್ಕು ದಶಕ ಮೊದಲೇ ದಂಗೆಯ ಬೀಜ ಬಿತ್ತು.

ಇನ್ನೊಬ್ಬ ಮಗ ಮ್ಯಾಗ್ನಸ್‌ಗೆ ಮಂತ್ರಶಕ್ತಿ ಬಂದದ್ದೇ ಅಪ್ಪನಿಂದ. ಆ ಶಕ್ತಿಯ ಮೂಲವಾದ, ಕೇಯಾಸ್ ನೆಲೆಸಿರೋ ವಾರ್ಪ್ ಅನ್ನೋ ಲೋಕದಲ್ಲಿ ಆಳಕ್ಕೆ ಇಳೀಬೇಡ ಅಂದನೇ ಹೊರತು ಕೆಳಗೆ ಏನಿದೆ ಅಂತ ಹೇಳಲಿಲ್ಲ. ಆಮೇಲೆ ಅಪ್ಪ ನಡೆಸಿದ ನಿಕೇಯಾ ಸಭೆಯಲ್ಲಿ ಲೀಜನ್‌ಗಳಿಗೆಲ್ಲ ಆ ವಿದ್ಯೆ ನಿಷೇಧ. ಹೋರಸ್ ಕೆಡುತ್ತಿರೋದು ಕಂಡಾಗ ಮ್ಯಾಗ್ನಸ್ ಅಪ್ಪನಿಗೆ ಬೇಗ ಸುದ್ದಿ ಮುಟ್ಟಿಸೋಕೆ ಅದೇ ವಿದ್ಯೆ ಬಳಸಿದ. ಆ ರಭಸಕ್ಕೆ ಅರಮನೆಯ ಅಡಿಯಲ್ಲಿ ಗುಟ್ಟಾಗಿ ನಡೆಯುತ್ತಿದ್ದ ವೆಬ್‌ವೇ ಕಾಮಗಾರಿಯ ರಕ್ಷಣೆ ಒಡೆದು ರಾಕ್ಷಸರು ನುಗ್ಗಿದರು. ವಾರ್ಪ್‌ಗೆ ಇಳಿಯದೆಯೇ ನಕ್ಷತ್ರಗಳ ನಡುವೆ ಓಡಾಡೋ ದಾರಿ ಅದು, ಇಡೀ ಮನುಕುಲದ ಭವಿಷ್ಯ. ಅದನ್ನು ನಡೆಸೋ ಗೋಲ್ಡನ್ ಥ್ರೋನ್ ಮೇಲೆ ಕೂರಿಸಬೇಕು ಅಂತಿದ್ದದ್ದು ಯಾರನ್ನ? ಇದೇ ಮ್ಯಾಗ್ನಸ್‌ನನ್ನ! ಅಪ್ಪಾ ಮಹಾರಾಯ, ನೀನು ಕೂರಬೇಕಾದ ಪೀಠ ಇದು, ಈ ಕಡೆ ಮಂತ್ರ ಹಾಕಬೇಡ ಅಂತ ಒಂದು ವಾಕ್ಯ ಹೇಳಿದ್ದರೆ ಮುಗಿದಿತ್ತು.

ಇನ್ನು ಹೋರಸ್. ಮೊದಲು ಸಿಕ್ಕ ಮಗ, ಅಪ್ಪನ ಪಕ್ಕದಲ್ಲೇ ಹೋರಾಡಿದವನು. ಉಲ್ಲಾನೋರ್ ಗ್ರಹ ಗೆದ್ದ ಮೇಲೆ ಅವನನ್ನು ವಾರ್‌ಮಾಸ್ಟರ್, ಅಂದರೆ ಎಲ್ಲ ಸೈನ್ಯಗಳ ದಂಡನಾಯಕ, ಮಾಡಿ ಎಂಪರರ್ ಆ ವೆಬ್‌ವೇ ಕಟ್ಟೋಕೆ ಭೂಮಿಗೆ ಹೊರಟುಬಿಟ್ಟ. ಯಾಕೆ ಅಂತ ಹೇಳಲಿಲ್ಲ. ಆಡಳಿತ, ತೆರಿಗೆ ಎಲ್ಲ ಯುದ್ಧವನ್ನೇ ಕಾಣದ ಕೌನ್ಸಿಲ್ ಕೈಗೆ ಹೋಯ್ತು. ಡಾವಿನ್ ಗ್ರಹದ ಚಂದ್ರನ ಮೇಲೆ ಹೋರಸ್ ಗಾಯಗೊಂಡು ಬಿದ್ದ ಮೇಲೆ ಕೇಯಾಸ್ ಅವನಿಗೆ ಮುಂದಿನ ಕಾಲ ತೋರಿಸಿತು. ಅಪ್ಪ ದೇವರಾಗಿ ಪೂಜೆಗೊಳ್ತಿದ್ದಾನೆ, ಪ್ರತಿಮೆಗಳ ಸಾಲಿನಲ್ಲಿ ತನ್ನದಿಲ್ಲ. ಆ ನೋಟ ನಿಜವೇ. ಅದಕ್ಕೆ ಕಾರಣ ಹೋರಸ್‌ನ ದಂಗೆಯೇ ಅನ್ನೋದನ್ನು ಮಾತ್ರ ಕೇಯಾಸ್ ಮುಚ್ಚಿಟ್ಟಿತು. ಅಪ್ಪ ಹೇಳದೆ ಬಿಟ್ಟ ಜಾಗದಲ್ಲಿ ಶತ್ರು ತನ್ನ ಕಥೆ ತುಂಬಿದ.

ಕೇಯಾಸ್ ಬಗ್ಗೆ ತಿಳಿಯೋದೇ ಅಪಾಯ, ಅದಕ್ಕೇ ಮುಚ್ಚಿಟ್ಟ ಅಂತ ಹುಡುಗರು ವಾದ ಮಾಡ್ತಾರೆ. ಸರಿ, ಆಂಗ್ರಾನ್‌ನ ಗೆಳೆಯರನ್ನು ಉಳಿಸೋದರಲ್ಲಿ ಕೇಯಾಸ್‌ದು ಯಾವ ಗುಟ್ಟಿತ್ತು? ನಾನೊಂದು ದಾರಿ ಕಟ್ಟೋಕೆ ಹೋಗ್ತಿದ್ದೀನಿ ಕಣಪ್ಪ ಅಂತ ಹೋರಸ್‌ಗೆ ಹೇಳೋಕೆ ರಾಕ್ಷಸರ ಹೆಸರು ಎತ್ತಬೇಕಿತ್ತಾ? ಇನ್ನೊಂದು ವಾದ, ಅವರು ಮಕ್ಕಳಲ್ಲ, ಆಯುಧಗಳು ಅನ್ನೋದು. ಆ ಆಯುಧಗಳಿಗೆ ಅಭಿಮಾನ, ಸಿಟ್ಟು, ಅಪ್ಪ ಬೇಕು ಅನ್ನೋ ಹಂಬಲ ಇಟ್ಟು ಮಾಡಿದವನು ಅವನೇ ಅಲ್ವಾ? ಗಿಲ್ಲಿಮನ್ ನೆಟ್ಟಗಿದ್ದಾನೆ ಅಂದರೆ ಅದು ಮ್ಯಾಕ್ರಾಗ್‌ನಲ್ಲಿ ಸಾಕಿದ ಕೋನರ್ ಮತ್ತು ಯೂಟನ್ ಪುಣ್ಯ. ಇನ್ನೊಬ್ಬ ಮಗ ವಲ್ಕನ್‌ನ ಕರುಣೆ ಕಮ್ಮಾರ ಎನ್‌ಬೆಲ್‌ನ ಮನೆಯದ್ದು. ಆ ಸಂಸ್ಕಾರದಲ್ಲಿ ಎಂಪರರ್ ಕೈ ಎಲ್ಲೂ ಇಲ್ಲ.

ದಂಗೆ ಮುಗಿದು 10,000 ವರ್ಷದ ಮೇಲೆ ಗಿಲ್ಲಿಮನ್ ದೀರ್ಘ ನಿದ್ದೆಯಿಂದ ಎದ್ದು ಬಂದು, ಅಪ್ಪ ಅರೆಜೀವವಾಗಿ ಕೂತಿರೋ ಗೋಲ್ಡನ್ ಥ್ರೋನ್ ಎದುರು ನಿಂತ. ಅಪ್ಪನ ಕಣ್ಣಲ್ಲಿ ತಾನು ಮಗನಲ್ಲ, ಕಳೆದುಹೋಗಿ ಸಿಕ್ಕ ಉಪಕರಣ ಅಂತ ಅವನಿಗೆ ಅನಿಸಿತು. ಸೇವೆ ಮಾಡಿದ ಮಗನಿಗೆ ಸಿಕ್ಕಿದ್ದು ಅಷ್ಟೇ. ಅಪ್ಪನ ಮಾತಿಗೆ ಮೊನಾರ್ಕಿಯಾ ಸುಟ್ಟವನು ಇವನು. ಈಗ ಅದೇ ಅಪ್ಪನನ್ನು ದೇವರೆಂದು ಪೂಜಿಸೋ ಸಾಮ್ರಾಜ್ಯವನ್ನು ಆಳಬೇಕು, ಲಾರ್ಗರ್ ಬರೆದ ಗ್ರಂಥದಿಂದ ಹುಟ್ಟಿದ ಧರ್ಮಕ್ಕೆ ದಿನಾ ತಲೆಬಾಗುವವರ ನಡುವೆ.